ಬಿಸಿಲು ಶಾನುಭೋಗರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಗೃಹಪ್ರವೇಶಕ್ಕೆ ಕರೆದರೆ ಹೋಮದ ಹೊಗೆ ಆರುವ ಮೊದಲೇ ಬಾಲ್ಕನಿಗೆ ಹೋಗಿ ನಿಲ್ಲುತ್ತಾರೆ. ಮಾಡ್ಯುಲರ್ ಕಿಚನ್ ನೋಡುವುದಿಲ್ಲ, ಇಟಾಲಿಯನ್ ಮಾರ್ಬಲ್ ನೋಡುವುದಿಲ್ಲ, ದೇವರಮನೆ ಬಾಗಿಲಿನ ಗಂಟೆಗಳನ್ನು ಮುಟ್ಟುವುದಿಲ್ಲ. ಕತ್ತೆತ್ತಿ ಆಕಾಶ ನೋಡಿ, ಎದುರಿನ ಕಟ್ಟಡ ನೋಡಿ, ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಒಂದು ಸುತ್ತು ತಿರುಗಿ, ಒಳಗೆ ಬಂದು ಮನೆಯೊಡೆಯನ ಕಿವಿಯಲ್ಲಿ, "ತೊಂಬತ್ತೈದು ಲಕ್ಷ ಆಯ್ತಂತೆ. ಬಿಸಿಲು ಎರಡೇ ಗಂಟೆ ಇದೆಯಲ್ರೀ" ಎನ್ನುತ್ತಾರೆ. ಆಮೇಲೆ ಊಟಕ್ಕೆ ಕೂತು ನಿಶ್ಚಿಂತೆಯಿಂದ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಾರೆ. ಮನೆಯೊಡೆಯನಿಗೆ ಮೊದಲನೆಯದೇ ಇಳಿದಿರುವುದಿಲ್ಲ.

ನಮ್ಮ ಬೀದಿಯಲ್ಲಿರುವ ಇಂಥವರಿಗೆ ನಾವಿಟ್ಟ ಹೆಸರು ಬಿಸಿಲು ಶಾನುಭೋಗರು. ಸರ್ವೇ ಇಲಾಖೆಯಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ಚೈನು ಎಳೆದು, ಬೇಲಿಯೊಳಗೆ ನುಂಗಿಹೋದ ಬಾಂದುಕಲ್ಲು ಹುಡುಕಿ, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಚಕ್ಕುಬಂದಿ ಬರೆದ ಕೈ ಅದು. ಪಿಂಚಣಿ ಶುರುವಾದ ಮೇಲೆ ಅಳೆಯುವುದಕ್ಕೆ ಜಮೀನು ಉಳಿಯಲಿಲ್ಲ. ಹಾಗಾಗಿ ಬಿಸಿಲು ಅಳೆಯತೊಡಗಿದರು.

ಅವರ ತಾರಸಿಗೆ ಹೋದವರು ಕಾಲಿಡುವ ಮುಂಚೆ ನೆಲ ನೋಡಬೇಕು. ನೆಲದ ತುಂಬ ಬಳಪದ ಗೆರೆಗಳು. ಗಂಟೆಗೊಮ್ಮೆ ನೆರಳಿನ ಅಂಚು ಎಲ್ಲಿಗೆ ಬಂತೋ ಅಲ್ಲೊಂದು ಗೆರೆ, ಪಕ್ಕದಲ್ಲಿ ವೇಳೆ, ತಾರೀಖು. ವರ್ಷದಲ್ಲಿ ಎರಡು ದಿನ ಅವರಿಗೆ ಹಬ್ಬವಿದ್ದಂತೆ: ಜೂನ್ 21 ಮತ್ತು ಡಿಸೆಂಬರ್ 21. ಹತ್ತಡಿ ಗೋಡೆಗೆ ನಮ್ಮೂರಲ್ಲಿ ಡಿಸೆಂಬರಿನ ನಡುಹಗಲು ಏಳೂವರೆ ಅಡಿ ನೆರಳು, ಅದೂ ಉತ್ತರಕ್ಕೆ. ಅದೇ ಗೋಡೆಗೆ ಜೂನಿನಲ್ಲಿ ಎರಡಡಿಗೂ ಕಡಿಮೆ, ಅದೂ ದಕ್ಷಿಣಕ್ಕೆ. ಈ ಲೆಕ್ಕವನ್ನು ಅವರು ಹಾಲು ತರಲು ಹೊರಟವರನ್ನೂ ನಿಲ್ಲಿಸಿ ಹೇಳುತ್ತಾರೆ. ಒಂದು ವರ್ಷ ಹೊಸದಾಗಿ ಬಂದ ಕೆಲಸದಾಕೆ ತಾರಸಿ ಕೊಳಕಾಗಿದೆಯೆಂದು ನೀರು ಹುಯ್ದು ಉಜ್ಜಿಬಿಟ್ಟಳು. "ಜೂನ್ ಇಪ್ಪತ್ತೊಂದನ್ನ ತೊಳೆದುಬಿಟ್ಯಲ್ಲಮ್ಮ" ಎಂದು ಶಾನುಭೋಗರು ತಲೆಮೇಲೆ ಕೈಹೊತ್ತು ಕೂತರು. ಆಕೆ, "ನಾಳೆ ಬರೀರಿ ಬುಡಿ ಸಾಮಿ" ಎಂದಳು. ನಾಳೆ ಬರೆದರೂ ಕೂದಲೆಳೆಯಷ್ಟೇ ವ್ಯತ್ಯಾಸ ಬರುತ್ತಿತ್ತು. ಆದರೆ ಇಲಾಖೆಯ ಮನುಷ್ಯ, ತಾರೀಖು ತಿದ್ದಿದ ದಾಖಲೆಗೆ ಸಹಿ ಹಾಕುವವರಲ್ಲ. ವರ್ಷ ಕಾದರು.

ಗಿಡಗಳಿಗೊಂದು ಪಹಣಿ ಪುಸ್ತಕವಿದೆ. ಒಂದು ಪುಟ ನನ್ನ ಕಣ್ಣಿಗೆ ಬಿದ್ದದ್ದು ಹೀಗಿತ್ತು: "ಕುಂಡ ನಂ. 14. ದಾಸವಾಳ, ಕೆಂಪು, ಒಂಟಿ ಸುತ್ತು. ಪೂರ್ವಕ್ಕೆ: ನೀರಿನ ಟ್ಯಾಂಕು. ಪಶ್ಚಿಮಕ್ಕೆ: ಬಟ್ಟೆ ಒಣಹಾಕುವ ತಂತಿ. ಉತ್ತರಕ್ಕೆ: ಪ್ಯಾರಾಪೆಟ್. ದಕ್ಷಿಣಕ್ಕೆ: ಕುಂಡ ನಂ. 15, ಕರಿಬೇವು. ಬಿಸಿಲು: 9.20ರಿಂದ 3.40. ಷರಾ: ಬೆಡ್‌ಶೀಟ್ ಒಗೆದ ದಿನ ಒಂದು ಗಂಟೆ ಕಡಿಮೆ."

ಜಾಗವನ್ನೆಲ್ಲ ಮೂರು ದರ್ಜೆಗೆ ಹಂಚಿದ್ದಾರೆ. ಆರು ಗಂಟೆ ಮತ್ತು ಮೇಲ್ಪಟ್ಟು ಬಿಸಿಲು ಬೀಳುವುದು ಖುಷ್ಕಿ. ಗುಲಾಬಿ, ದಾಸವಾಳ, ದುಂಡುಮಲ್ಲಿಗೆ, ಕಾಗದದ ಹೂ, ಕರಿಬೇವು ಎಲ್ಲ ಅಲ್ಲಿ. ಬೆಳಗಿನ ಎಳೆಬಿಸಿಲು ಮೂರು ನಾಲ್ಕು ಗಂಟೆ ಬಂದು ಹೋಗುವುದು ಬಾಗಾಯ್ತು: ಕನಕಾಂಬರ, ಕರ್ಣಕುಂಡಲ, ದೊಡ್ಡಪತ್ರೆ. ಮೆಟ್ಟಿಲ ಕೆಳಗೆ, ಸಂಪಿನ ಪಕ್ಕ, ನೇರ ಬಿಸಿಲೇ ಕಾಣದ ಜಾಗ ಖರಾಬು. ಖರಾಬೆಂದ ಮಾತ್ರಕ್ಕೆ ಅದು ದಂಡವಲ್ಲ. ಅಲ್ಲಿ ಆಂಥೂರಿಯಂ, ಪೀಸ್ ಲಿಲಿ, ಜರಿಗಿಡ, ವೀಳ್ಯದ ಬಳ್ಳಿ ಇಟ್ಟಿದ್ದಾರೆ, ಸೊಗಸಾಗಿ ಬಂದಿವೆ. ಸಿಟ್ಟು ಬರುವುದು ಇಲ್ಲೇ. ಈ ಮನುಷ್ಯ ಹೇಳುವುದೆಲ್ಲ ಸರಿಯಾಗಿರುತ್ತದೆ. ತಪ್ಪು ಹೇಳುವವರನ್ನು ಬೀದಿ ಕ್ಷಮಿಸುತ್ತದೆ. ಸರಿ ಹೇಳಿ, ಅದು ಸರಿಯಾಗುವವರೆಗೂ ಕಾದು, ಆಮೇಲೆ ನೋಡಲು ಬರುವವರನ್ನು ಹೇಗೆ ಕ್ಷಮಿಸುವುದು?

ಮೂಲೆಯ ಅಪಾರ್ಟ್‌ಮೆಂಟಿಗೆ ಬಂದ ಸಾಫ್ಟ್‌ವೇರ್ ದಂಪತಿಯ ಕಥೆ ಹಾಗೇ ಆಯಿತು. ಅವರದು ಉತ್ತರದ ಬಾಲ್ಕನಿ. ಮೇ ತಿಂಗಳಲ್ಲಿ ಮನೆ ಸೇರಿದರು, ಬೆಳಗ್ಗೆ ಕಾಫಿ ಕುಡಿಯುವಾಗ ಕಾಲಮೇಲೆ ಬಿಸಿಲು ಬೀಳುವುದನ್ನು ಕಣ್ಣಾರೆ ಕಂಡರು, ಅರ್ಧ ಡಜನ್ ಗುಲಾಬಿ ತಂದರು. ಶಾನುಭೋಗರು ಲಿಫ್ಟಿನಲ್ಲೇ ಎಚ್ಚರಿಸಿದರು: "ಏಪ್ರಿಲ್ ಕೊನೇ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರ್ತಾನೆ. ಹುಟ್ಟೋದೂ ಮುಳುಗೋದೂ ಉತ್ತರಕ್ಕೆ ಸರಿದೇ. ಅದಕ್ಕೇ ನಿಮಗೆ ಓರೆಬಿಸಿಲು ಸಿಗ್ತಿದೆ. ಅದೂ ಮುಂಗಾರಿನ ಮೋಡ ಬಿಟ್ಟರೆ. ದಸರಾ ಹೊತ್ತಿಗೆ ನಿಮ್ಮ ಬಾಲ್ಕನಿ ಖರಾಬು." ಆ ಹುಡುಗಿ ಪಾಪ, ಇಯರ್‌ಫೋನ್ ಒಂದು ಕಿವಿಯಿಂದ ತೆಗೆದು, "ಓಕೆ ಅಂಕಲ್" ಎಂದಳು. ಅಕ್ಟೋಬರಿನಲ್ಲಿ ಗುಲಾಬಿಗಳು ಮೊಗ್ಗು ಮರೆತು, ಕಡ್ಡಿ ಉದ್ದ ಮಾಡಿಕೊಂಡು ಗ್ರಿಲ್ಲಿನಾಚೆ ಬೆಳಕು ಹುಡುಕುತ್ತ ಬಾಗಿದವು. ಶಾನುಭೋಗರು ಕೆಳಗೆ ರಸ್ತೆಯಲ್ಲಿ ನಿಂತು ಕತ್ತೆತ್ತಿ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಕೊನೆಗೆ ಹುಡುಗಿಯೇ ಬಂದಳು. "ಅಂಕಲ್, ನೆರಳಲ್ಲೂ ತುಂಬ ಹೂ ಬಿಡಬೇಕು, ನೀರು ಜಾಸ್ತಿ ಕೇಳಬಾರದು, ನಾವು ಊರಿಗೆ ಹೋದರೂ ಸಾಯಬಾರದು. ಅಂಥ ಗಿಡ ಯಾವುದಿದೆ?"

"ಚಿಕ್ಕಪೇಟೆಯಲ್ಲಿ ಸಿಗುತ್ತಮ್ಮ. ಪ್ಲಾಸ್ಟಿಕ್ಕಿಂದು. ವಾರಕ್ಕೊಂದ್ಸಲ ಒರೆಸಿದ್ರೆ ಸಾಕು."

ಹೀಗಂದರೂ ಮರುದಿನ ತಮ್ಮ ಖರಾಬಿನಿಂದ ಒಂದು ಪೀಸ್ ಲಿಲಿ ಸೀಳಿ, ಮಣ್ಣು ಸಮೇತ ಕೊಂಡೊಯ್ದು ಕೊಟ್ಟರೆನ್ನಿ.

ಲಾಲ್‌ಬಾಗಿನ ಹಿಂದೆ ಸಿದ್ದಾಪುರದಲ್ಲಿ ಸಾಲುಸಾಲು ನರ್ಸರಿಗಳಿವೆಯಲ್ಲ, ಅಲ್ಲಿ ಇವರನ್ನು ಎಲ್ಲರೂ ಬಲ್ಲರು. ದೂರದಿಂದ ಕಂಡೊಡನೆ ಹಳೆಯ ಮಾಲೀಕ ಅಡಿಕೆ ಗಿಡಗಳ ಹಿಂದೆ ಸರಿದು, ಹೊಸ ಹುಡುಗನನ್ನು ಮುಂದೆ ತಳ್ಳುತ್ತಾನೆ. ಉಳಿದ ಗಿರಾಕಿಗಳು ಹೂ ನೋಡಿ ಗಿಡ ಕೊಳ್ಳುತ್ತಾರೆ. ಇವರು ಮೊದಲು ತಲೆಯ ಮೇಲಿನ ಹಸಿರು ಬಲೆ ನೋಡುತ್ತಾರೆ.

"ಇದು ಬಿಸಿಲಿನ ಗಿಡವೇನಪ್ಪ?"

"ಎಲ್ಲಿಟ್ರೂ ಬರುತ್ತೆ ಸಾರ್."

"ಎಲ್ಲಿಟ್ರೂ ಅಂದ್ರೆ? ಫ್ರಿಜ್ಜಲ್ಲಿಟ್ರೆ?"

ಹುಡುಗ ಮಾಲೀಕನ ಕಡೆ ನೋಡುತ್ತಾನೆ. ಅಡಿಕೆ ಗಿಡ ಅಲ್ಲಾಡುವುದಿಲ್ಲ. ಶಾನುಭೋಗರ ಪಾಠ ಶುರುವಾಗುತ್ತದೆ: ಬಲೆಯಡಿ ಅರ್ಧ ಬಿಸಿಲಿನಲ್ಲಿ ಬೆಳೆದ ಗಿಡವನ್ನು ಗಿರಾಕಿ ಮನೆಗೊಯ್ದು ಅದೇ ದಿನ ತಾರಸಿಯ ಕಾದ ಸಿಮೆಂಟಿನ ಮೇಲಿಟ್ಟರೆ ಮೂರನೇ ದಿನಕ್ಕೆ ಎಲೆ ಸುಟ್ಟು ಕಾಗದವಾಗುತ್ತದೆ. ಗಿಡದ ಜಾತಿ ಬಿಸಿಲಿನದೇ ಇರಬಹುದು, ಈ ಗಿಡ ಇನ್ನೂ ಬಿಸಿಲು ಕಂಡಿಲ್ಲ. ಮೊದಲೆರಡು ದಿನ ಬೆಳಗ್ಗೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ವಾರ ಹತ್ತು ದಿನ ರೂಢಿಮಾಡಿಸಬೇಕು. ಇದನ್ನು ಗಿರಾಕಿಗೆ ಹೇಳುತ್ತೀಯೋ ಇಲ್ಲವೋ? ಹುಡುಗ ಪ್ರಾಮಾಣಿಕ. "ಹೇಳಿದ್ರೆ ಇನ್ನೊಂದು ಗಿಡ ತಗೊಳೋಕೆ ಬರಲ್ಲ ಸಾರ್" ಎನ್ನುತ್ತಾನೆ. ಈ ಉತ್ತರ ಕೇಳಿ ಅವರಿಗೆ ಎಷ್ಟು ಖುಷಿಯಾಯಿತೆಂದರೆ ಅವನಿಂದಲೇ ಎರಡು ಕ್ರೋಟನ್ ಕೊಂಡರು. ಕ್ರೋಟನ್ನಿಗೂ ಒಂದು ಕಾರಣವಿದೆ. ನೆರಳಲ್ಲಿಟ್ಟರೆ ಅದರ ಕೆಂಪು ಹಳದಿಗಳು ಹೋಗಿ ಬರೀ ಹಸಿರಾಗುತ್ತದೆ. ಅವರಿಗೆ ಅದು ಮೀಟರು. ಮೂಲೆಮೂಲೆಗೆ ಒಂದೊಂದು ಇಟ್ಟು ಬಣ್ಣ ಓದುತ್ತಾರೆ.

ಸೇವಂತಿಗೆಯ ಪ್ರಕರಣ ಬೀದಿಗೆಲ್ಲ ಗೊತ್ತು. ಸೇವಂತಿಗೆಗೆ ಹಗಲು ಬಿಸಿಲು ಎಷ್ಟು ಮುಖ್ಯವೋ ರಾತ್ರಿ ಕತ್ತಲೆ ಅಷ್ಟೇ ಮುಖ್ಯ. ರಾತ್ರಿ ಉದ್ದವಾದರೇನೇ ಅದು ಮೊಗ್ಗು ಕಟ್ಟುವುದು. ಹೂವಿನ ರೈತರು ಮೊಗ್ಗನ್ನು ಮುಂದೂಡಬೇಕೆಂದಾಗ ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ಇದೇ ಕಾರಣಕ್ಕೆ. ಶಾನುಭೋಗರ ಗೇಟಿನೆದುರು ಹೊಸ ಎಲ್‌ಇಡಿ ಬೀದಿದೀಪ ಬಂದ ವರ್ಷ ಅವರ ಸೇವಂತಿಗೆ ದೀಪಾವಳಿ ಕಳೆದರೂ ಹೂ ಬಿಡಲಿಲ್ಲ. ದೀಪ ಆರಿಸಿ ಎಂದು ಅರ್ಜಿ ಬರೆದರು. ಬೀದಿದೀಪ ಉರಿಯುತ್ತಿಲ್ಲವೆಂಬ ಅರ್ಜಿಗಳನ್ನಷ್ಟೇ ಕಂಡಿದ್ದ ಕಚೇರಿಗೆ, ಉರಿಯುತ್ತಿದೆಯೆಂಬ ದೂರು ಯಾವ ಫೈಲಿಗೆ ಸೇರಬೇಕೆಂದು ತಿಳಿಯಲಿಲ್ಲ. ಕಡೆಗೆ ಶಾನುಭೋಗರು ಸಂಜೆ ಆರಾಗುತ್ತಲೇ ಕುಂಡಕ್ಕೆ ಹಳೆಯ ಕರಿಕಂಬಳಿ ಹೊದಿಸಿ, ಬೆಳಗ್ಗೆ ತೆಗೆಯತೊಡಗಿದರು. ಊರಿಂದ ಬಂದಿದ್ದ ಅವರ ಅತ್ತಿಗೆ, "ಜ್ವರ ಬಂದಿದೆಯೇನೋ ಅದಕ್ಕೆ?" ಎಂದು ಕೇಳಿದರಂತೆ. ಹೂ ಮಾತ್ರ ಬಂತು.

ಮನೆಯೊಳಗೆ ಅವರ ಆಟ ನಡೆಯದ ಒಂದೇ ಗಿಡ ತುಳಸಿ. ವಾಸ್ತು ನೋಡಿದವರು ಈಶಾನ್ಯದಲ್ಲಿರಲಿ ಎಂದು ಕಟ್ಟೆ ಕಟ್ಟಿಸಿದ್ದರು. ಆ ಮೂಲೆಗೆ ಎದುರು ಮನೆಯ ನೆರಳು. ತುಳಸಿ ಸಣಕಲಾಗಿ, ಎಲೆ ಉದುರಿ, ಹಿಟ್ಟುತಿಗಣೆ ಹಿಡಿಯಿತು. ಶಾನುಭೋಗರು ಕಟ್ಟೆಯನ್ನೇ ಒಡೆದು ನೈಋತ್ಯಕ್ಕೆ ಒಯ್ಯೋಣವೆಂದರು. ಅವರ ಮನೆಯಾಕೆ ಚಿಕ್ಕಮಗಳೂರು ಕಡೆಯವರು, ಹೆಚ್ಚು ಮಾತಿಲ್ಲ. "ಅದರ ಜೊತೆ ನಾನೂ ಹೋಗ್ತೀನಿ" ಎಂದಷ್ಟೇ ಅಂದರು. ಸಂಧಾನವಾಗಿ ಈಗ ಎರಡು ಕುಂಡಗಳಲ್ಲಿ ಎರಡು ತುಳಸಿ. ಒಂದು ಕಟ್ಟೆಯಲ್ಲಿ ಪೂಜೆಯ ಪಾಳಿಯಲ್ಲಿದ್ದರೆ ಇನ್ನೊಂದು ತಾರಸಿಯಲ್ಲಿ ಬಿಸಿಲಿನ ಪಾಳಿಯಲ್ಲಿರುತ್ತದೆ. ವಾರಕ್ಕೊಮ್ಮೆ ಅದಲುಬದಲು. ತುಳಸಿಗಳೆರಡೂ ದಷ್ಟಪುಷ್ಟವಾಗಿವೆ. ಹೊತ್ತು ಇಳಿಸುವ ಶಾನುಭೋಗರ ಸೊಂಟ ಮಾತ್ರ ಹಿಡಿದುಕೊಂಡಿದೆ.

ಇಷ್ಟರಲ್ಲಿ ದಕ್ಷಿಣದ ಪಕ್ಕದ ಹಳೇ ಹೆಂಚಿನ ಮನೆ ಮಾರಾಟವಾಯಿತು. ಜೆಸಿಬಿ ಬಂತು. ಪಿಲ್ಲರ್ ಎದ್ದವು. ಬೀದಿಯವರೆಲ್ಲ ಧೂಳು, ಸದ್ದು, ಮರಳಿನ ಲಾರಿ ಎಂದು ಗೊಣಗುತ್ತಿದ್ದರೆ ಶಾನುಭೋಗರು ಒಂದೊಂದು ಮೋಲ್ಡಿಂಗಿಗೂ ಹೋಗಿ ನಿಂತು ಎತ್ತರ ಕೇಳಿಕೊಂಡು ಬರುತ್ತಿದ್ದರು. ನಾಲ್ಕನೇ ಮಹಡಿ ಮುಗಿದಾಗ ಲೆಕ್ಕ ಸ್ಪಷ್ಟವಾಯಿತು: ನಲವತ್ತಡಿ ಕಟ್ಟಡ, ಡಿಸೆಂಬರಿನ ನಡುಹಗಲಲ್ಲಿ ಮೂವತ್ತಡಿ ನೆರಳು. "ನಮ್ಮ ಸೈಟು ಮೂವತ್ತು ನಲವತ್ತು. ಅಗಲಕ್ಕೆ ಸರಿಯಾಗಿ ಹೊಲಿಸಿದ್ದಾರೆ ನೋಡಿ" ಎಂದರು. ನಗುತ್ತಿದ್ದರೋ ಇಲ್ಲವೋ ಹೇಳಲಾರೆ. ಉತ್ತರದ ಗೋಡೆಗಾದರೂ ಬಿಳಿ ಬಣ್ಣ ಹೊಡೆಸಿ, ಒಂದಿಷ್ಟು ಬೆಳಕು ತಿರುಗಿ ನಮ್ಮ ಕಡೆ ಬೀಳುತ್ತದೆ ಎಂದು ಮಾಲೀಕರನ್ನು ಕೇಳಿಕೊಂಡರು. ಮಾಲೀಕರು ಒಳ್ಳೆಯವರೇ, ಆದರೆ ಎಲಿವೇಶನ್ ಡಿಸೈನರ್ ಒಪ್ಪಲಿಲ್ಲ. ಕಡುಬೂದು ಬಳಿದರು. ಮನೆಯಾಕೆ ಕಾಫಿ ಲೋಟ ಕೊಡುತ್ತ, "ನಮ್ಮೂರ ತೋಟದಲ್ಲಿ ನೆರಳು ಜಾಸ್ತಿಯಾದ್ರೆ ಮಳೆಗೆ ಮುಂಚೆ ಮರ ಹತ್ತಿ ಕೊಂಬೆ ಕಡೀತಾರೆ, ಮರಗಸಿ ಅಂತ. ಇಲ್ಲಿ ಯಾರ ಮನೆ ಕಡೀತೀರಿ?" ಎಂದರು.

ಬೀದಿಗೆ ಬೀದಿಯೇ ಕಾಯುತ್ತಿತ್ತು. ನಮಗೆಲ್ಲ ಈ ಮನುಷ್ಯ ವರ್ಷಗಟ್ಟಲೆ ಹೇಳಿದ್ದು ಒಂದೇ ಮಾತು: ಆಸೆ ನೋಡಿ ಗಿಡ ತರಬೇಡಿ, ಬಿಸಿಲು ನೋಡಿ ತನ್ನಿ. ಈಗ ಅವರದೇ ಬಿಸಿಲು ಹೋಗಿದೆ. ಗುಲಾಬಿಗಳನ್ನು ಯಾರಿಗಾದರೂ ಕೊಟ್ಟು ಜರಿಗಿಡ ತರಬೇಕಲ್ಲವೇ ನ್ಯಾಯವಾಗಿ? ಪುಸ್ತಕದಲ್ಲಿ ಬದಲಾವಣೆ ಮಾಡಿದರು, ಅದು ನಿಜ. ತಾರಸಿಯ ದಕ್ಷಿಣ ಭಾಗವನ್ನು "ಖುಷ್ಕಿಯಿಂದ ಖರಾಬು" ಎಂದು ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿ, ತಾರೀಖು ಬರೆದರು. ಆದರೆ ಗುಲಾಬಿಗಳು ಅಲ್ಲೇ ಇದ್ದವು. ದಿನಾ ಅರ್ಧ ಅಡಿ ಆಚೆ, ಅರ್ಧ ಅಡಿ ಈಚೆ ಸರಿಸುತ್ತಿದ್ದರು. ಸಾಫ್ಟ್‌ವೇರ್ ಹುಡುಗಿ ಒಂದು ಸಂಜೆ ತನ್ನ ಪೀಸ್ ಲಿಲಿಯಿಂದ ಒಂದು ಮರಿ ಕಿತ್ತು ತಂದು, "ಅಂಕಲ್, ನೆರಳಿಗೆ ಚೆನ್ನಾಗಿ ಬರುತ್ತೆ" ಎಂದು ಕೊಟ್ಟಳು. ಅವಳ ಮುಖದಲ್ಲಿ ಕುಚೋದ್ಯ ಒಂದಿಷ್ಟೂ ಇರಲಿಲ್ಲ, ಅದೇ ಕಷ್ಟ.

ಹೊಸ ಕಟ್ಟಡದ ಗೃಹಪ್ರವೇಶಕ್ಕೆ ಅವರನ್ನೂ ಕರೆದಿದ್ದರು. ಈ ಸಲ ಬಾಲ್ಕನಿಯಲ್ಲಿ ನಿಲ್ಲಲಿಲ್ಲ, ನೇರ ಮೇಲಿನ ತಾರಸಿಗೆ ಹತ್ತಿದರು. ಊಟದ ಎಲೆ ಹಾಕಿ ಕರೆದರೂ ಇಳಿಯಲಿಲ್ಲ. ಮಾಲೀಕರು ಹುಡುಕಿಕೊಂಡು ಹೋದರೆ ನಡುಮಧ್ಯದಲ್ಲಿ ನಿಂತು ಸುತ್ತ ತಿರುಗುತ್ತಿದ್ದಾರೆ. "ಹತ್ತು ಗಂಟೆ ಬಿಸಿಲು ಕಣ್ರೀ. ನಮ್ಮದೆಲ್ಲ ಇಲ್ಲಿಗೆ ಬಂದುಬಿಟ್ಟಿದೆ."

ಗುಲಾಬಿಗಳು ಅಲ್ಲಿಗೆ ಹೋದವು. ಜಾಗ ಅವರದು, ಗಿಡ ಮತ್ತು ನೀರು ಇವರದು, ಹೂ ಸಮಪಾಲು. ಬೆಳಗ್ಗೆ ಆರೂವರೆಗೆ ಶಾನುಭೋಗರು ಲಿಫ್ಟಿನಲ್ಲಿ ಮೇಲೆ ಹೋಗಿ, ನೀರು ಹಾಕಿ, ಪುಸ್ತಕದಲ್ಲಿ ಬರೆದುಕೊಂಡು ಇಳಿದು ಬರುತ್ತಿದ್ದರು. ಎಲ್ಲ ಸುಸೂತ್ರವಾಗಿತ್ತು. ಆದರೆ ಮಾಲೀಕರ ತಂದೆಯವರಿಗೆ ನಿದ್ದೆ ಹೋಯಿತು. ಹಿರಿಯರು ಮಂಡ್ಯ ಕಡೆಯವರು. 1974ರ ಭೂಸುಧಾರಣೆ ಕಾನೂನಿನಲ್ಲಿ ಗೇಣಿದಾರರು ಫಾರಂ ಏಳು ಹಾಕಿ, ಇವರ ಮನೆತನದ ಗದ್ದೆ ಕೈಬಿಟ್ಟುಹೋದದ್ದು ಅವರಿಗೆ ಇನ್ನೂ ನಿನ್ನೆಯ ಮಾತು. ದಿನಾ ಒಬ್ಬ ರಿಟೈರ್ಡ್ ಸರ್ವೇಯರು ತಮ್ಮ ತಾರಸಿಗೆ ಬಂದು ಸಾಗುವಳಿ ಮಾಡಿ, ದಾಖಲೆ ಬರೆದುಕೊಂಡು ಹೋಗುವುದನ್ನು ನೋಡಿ ಮಗನನ್ನು ಕರೆದರು. "ಲೋ, ಆ ಪುಸ್ತಕದಲ್ಲಿ ಏನ್ ಬರೀತಾನೋ ಅವನು? ಹನ್ನೆರಡು ವರ್ಷ ಅನುಭವದಲ್ಲಿದ್ರೆ ಏನಾಗುತ್ತೆ ಗೊತ್ತೇನೋ?"

ಮಗ ನಕ್ಕರೂ ತಂದೆಯ ಸಮಾಧಾನಕ್ಕೆ ಛಾಪಾ ಕಾಗದ ತಂದರು. ಹನ್ನೊಂದು ತಿಂಗಳ ಕರಾರು, ಹನ್ನೆರಡನೇ ತಿಂಗಳು ಕುಂಡಗಳು ಒಂದು ದಿನಕ್ಕಾದರೂ ಕೆಳಗಿಳಿಯತಕ್ಕದ್ದು. ಶಾನುಭೋಗರು ಬೇಸರಪಟ್ಟುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮುಂದೆ ಬಂದ ನಿಜವಾದ ದಸ್ತಾವೇಜು ಅದು. ಕನ್ನಡಕ ಏರಿಸಿ, ಷೆಡ್ಯೂಲನ್ನು ತಾವೇ ಬರೆಯುತ್ತೇನೆಂದು ಪೆನ್ನು ಇಸಿದುಕೊಂಡರು. ಪೂರ್ವಕ್ಕೆ: ರಸ್ತೆ. ಪಶ್ಚಿಮಕ್ಕೆ: ಲಿಫ್ಟ್ ರೂಮು. ಉತ್ತರಕ್ಕೆ: ಬರೆಸಿಕೊಳ್ಳುವವರ ಸ್ವಂತ ಮನೆ. ದಕ್ಷಿಣಕ್ಕೆ: ಖಾಲಿ ಸೈಟು.

ಇಲ್ಲಿಗೆ ಬಂದು ಪೆನ್ನು ನಿಂತಿತು.

"ಈ ಸೈಟು ಯಾರದ್ರೀ?" ಎಂದು ಕೇಳಿದರು.