ಬಚ್ಚಲುಮನೆಯ ಮೂಲೆಯಲ್ಲೊಂದು ಸಂದರ್ಶನ

ಮೈಸೂರಿನ ನಮ್ಮ ಮನೆಯ ಬಚ್ಚಲಿನ ಮೂಲೆಯಲ್ಲಿ, ಒಂದು ಮಗ್ಗುಲು ನೆಗ್ಗಿದ ತಾಮ್ರದ ಕೊಡವನ್ನು ಶಿರದಲ್ಲಿ ಧರಿಸಿ ಮೌನವಾಗಿ ನಿಂತಿರುವ ಉಕ್ಕಿನ ಸುರುಳಿಯೊಂದುಂಟು. ಕಳೆದ ವರ್ಷದ ಒಂದು ಭಾನುವಾರದವರೆಗೂ ಅದು ನನ್ನ ಪುಟ್ಟ ಕಾರಿನ ಮುಂದಣ ಎಡಚಕ್ರದ ಸ್ಪ್ರಿಂಗಾಗಿದ್ದು, ಇನ್ನೂರು ಕಿಲೋಗ್ರಾಮಿಗೂ ಮಿಗಿಲಾದ ಭಾರವನ್ನು ಹಗಲಿರುಳೆನ್ನದೆ ಹೊತ್ತು, ಗೃಹಸ್ಥನೊಬ್ಬನು ಸಂಸಾರವನ್ನು ಹೊರುವ ಗಾಂಭೀರ್ಯದಿಂದ ಕಾಲಯಾಪನೆ ಮಾಡುತ್ತಿತ್ತು. ಅದನ್ನು ಪದಚ್ಯುತಗೊಳಿಸಿದ ಪುಣ್ಯಾತ್ಮನು ನಾನೇ ಆದಕಾರಣ ಸಂದರ್ಶನ ಬೇಡಲು ನಾಚಿಕೆಯಿತ್ತು. ಆದರೂ ಮೊನ್ನೆ ಸ್ನಾನಕ್ಕೆ ಹೋದಾಗ, ನಮ್ಮಿಬ್ಬರ ವಿನಾ ಅಲ್ಲಿ ಯಾರೂ ಇಲ್ಲದುದನ್ನು ನೋಡಿ ಮಾತಿಗೆ ತೊಡಗಿದೆ.

ನಾನು: ಮೊದಲು ತಮ್ಮ ವಂಶದ ವಿಚಾರವಾಗಿ ಎರಡು ಮಾತು ಅಪ್ಪಣೆಯಾಗಬೇಕು.

ಸ್ಪ್ರಿಂಗು: ನಮ್ಮ ಕುಲಧರ್ಮವನ್ನು ಸೂತ್ರವಾಗಿ ಹೇಳಿದಾತ ಇಂಗ್ಲೆಂಡಿನ ರಾಬರ್ಟ್ ಹುಕ್. ಎಳೆದಷ್ಟಕ್ಕೆ ತಕ್ಕಷ್ಟೇ ಬಲವೆಂಬ ಆ ನಿಯಮವನ್ನು ಅವನು, ಮೊದಲಿಗನೆಂಬ ಹಕ್ಕು ಕೈತಪ್ಪದಿರಲೆಂದು, 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಾಗಿ ಪ್ರಕಟಿಸಿ, 1678ರಲ್ಲಿ ತಾನೇ ಬಿಡಿಸಿ ತೋರಿದನು. ಆ ಭಾನುವಾರ ಅಂಗಳದಲ್ಲಿ ತಾವು ಹರಡಿದ್ದ ನಟ್ಟು ಬೋಲ್ಟುಗಳನ್ನು ಕಂಡಾಗ ನನಗೆ ಆ ಮಹಾಶಯನ ಅಕ್ಷರಗಳೇ ನೆನಪಾದುವು; ಭೇದವಿಷ್ಟೆ, ಅವನಿಗೆ ಅವುಗಳ ಕ್ರಮ ತಿಳಿದಿತ್ತು.

ನಾನು: ತಮಗೆ ನನ್ನ ಮೇಲೆ ಕೋಪವಿದ್ದಂತಿದೆ.

ಸ್ಪ್ರಿಂಗು: ಕೋಪವು ನಮ್ಮ ಕುಲದಲ್ಲಿಲ್ಲ, ಅದುಮಿದಷ್ಟನ್ನು ಹಿಂದಿರುಗಿಸುತ್ತೇವೆ, ಅಷ್ಟೆ. ಹೊಂಡಕ್ಕಿಳಿದಾಗ ಕಾರು ಕುಣಿಯುತ್ತದೆಂದು ತಾವು ದೂರಿದ್ದೇನೋ ದಿಟ. ಆದೊಡೆ ಆ ದೋಷ ನನ್ನದಲ್ಲ, ನನ್ನ ಹೊಟ್ಟೆಯೊಳಗೆ ನಿಂತಿದ್ದ ಶಾಕ್ ಅಬ್ಸಾರ್ಬರಿನದು. ನಮ್ಮಿಬ್ಬರನ್ನೂ ಒಂದೇ ಕಂಬವಾಗಿ ಕೂಡಿಸಿದವನು ಅಮೆರಿಕದ ಅರ್ಲ್ ಮ್ಯಾಕ್‌ಫರ್ಸನ್. 1950ರ ಫೋರ್ಡ್ ಕಾನ್ಸುಲ್ ಕಾರಿನಿಂದ ಈ ಕೂಡುಕುಟುಂಬವು ಹೆಸರಾಯಿತು. ಹೆಸರಿಗೆ ಆಘಾತವನ್ನು ಹೀರುವವನು ಅವನಾದರೂ ಮೈಯೊಡ್ಡುವವನು ನಾನು; ಒಮ್ಮೆ ಕುಗ್ಗಿದ ಮೇಲೆ ಹಿಗ್ಗುತ್ತ ಕುಗ್ಗುತ್ತ ನಾನು ಕುಣಿಯತೊಡಗಿದರೆ, ಆ ಕುಣಿತವನ್ನು ತನ್ನೊಳಗಿನ ಎಣ್ಣೆಯನ್ನು ಕಿರುರಂಧ್ರಗಳಲ್ಲಿ ಹಾಯಿಸಿ ಅಡಗಿಸುವುದು ಅವನ ಕೆಲಸ. ಅವನ ಎಣ್ಣೆ ಸೋರಿ ವರ್ಷವಾಗಿತ್ತು. ತಾವು ಸೋರುತ್ತಿದ್ದವನನ್ನು ಉಳಿಸಿಕೊಂಡು, ನೆಟ್ಟಗಿದ್ದ ನನ್ನನ್ನು ತೆಗೆದಿರಿ.

ನಾನು: ಕಾರು ನಾಲ್ಕು ಸೆಂಟಿಮೀಟರು ತಗ್ಗಿದರೆ ಹೊಂಚು ಹಾಕಿದ ಚಿರತೆಯಂತೆ ಕಾಣುವುದೆಂದು ಬಗೆದಿದ್ದೆ.

ಸ್ಪ್ರಿಂಗು: ಕಂಡಿತೆ?

ನಾನು: ಟೈರು ಪಂಚರಾಗಿದೆಯೆ ಎಂದು ಅಮ್ಮ ಕೇಳಿದರು. ಅದಿರಲಿ, ಆ ಭಾನುವಾರದ ವೃತ್ತಾಂತವನ್ನು ತಾವು ಕಂಡಂತೆ ಹೇಳಬೇಕು.

ಸ್ಪ್ರಿಂಗು: ಚಕ್ರ ಬದಲಿಸಲೆಂದು ಮಾತ್ರ ಕೊಟ್ಟಿದ್ದ ಪುಟ್ಟ ಜಾಕಿಯಿಂದ ಕಾರನ್ನೆತ್ತಿ, ಸ್ಟ್ಯಾಂಡುಗಳಿರಬೇಕಾದಲ್ಲಿ ತಾವು ಎರಡು ಸೈಜುಗಲ್ಲುಗಳನ್ನಿಟ್ಟಾಗಲೇ, ತಮ್ಮ ತೀರ್ಥರೂಪರು ಒಳಗೆ ಹೋಗಿ ರಾಯರ ಪಟದ ಮುಂದೆ ದೀಪ ಹಚ್ಚಿದ್ದು ಕಿಟಕಿಯಿಂದ ನನಗೆ ಕಂಡಿತು. ಕಂಬದ ಕೆಳತುದಿಯ ಎರಡು ಬೋಲ್ಟುಗಳು ತುಕ್ಕು ಹಿಡಿದು ಏಕಶಿಲೆಯಾಗಿದ್ದುವು; ಕೊಬ್ಬರಿ ಎಣ್ಣೆ ಬಿಟ್ಟಿರಿ, ಸೀಮೆಎಣ್ಣೆ ಬಿಟ್ಟಿರಿ, ಕೊನೆಗೆ ಸ್ಪ್ಯಾನರಿನ ಹಿಡಿಗೆ ಹಳೆಯ ಪೈಪೊಂದನ್ನು ತೂರಿಸಿ ಅದರ ಮೇಲೆ ಹತ್ತಿ ನಿಂತಿರಿ. ಬೋಲ್ಟು ಬಿಟ್ಟಿತು, ಸ್ಪ್ಯಾನರು ತಮ್ಮ ಮೊಣಕಾಲಿಗೆ ಬಂತು. ನೆತ್ತಿಯ ನಟ್ಟನ್ನು ತಿರುಗಿಸಿದರೆ ಅದರೊಡನೆ ನಡುವಣ ದಂಡವೂ ತಿರುಗುವುದೆಂದೂ, ದಂಡವನ್ನು ಅಲೆನ್ ಕೀ ಕೊಟ್ಟು ಹಿಡಿಯಬೇಕೆಂದೂ ಮನಗಾಣಲು ಊಟದ ಹೊತ್ತು ಮೀರಿತು. ಇದೆಲ್ಲವೂ ಕ್ಷಮ್ಯ. ಆದರೆ ಆ ನಟ್ಟು, ಅದುಮಿಟ್ಟ ನನಗೆ ಇದ್ದ ಏಕೈಕ ಚಿಲಕ. ಕೊಕ್ಕೆಗಳುಳ್ಳ ಕಂಪ್ರೆಸರನ್ನು ಎರಡು ಮಗ್ಗುಲಿಗೂ ಹೂಡಿ ನನ್ನನ್ನು ಕುಗ್ಗಿಸಿದ ಹೊರತು ಅದನ್ನು ಬಿಚ್ಚತಕ್ಕುದಲ್ಲ. ತಾವು ಬಾವಿಯ ಹಗ್ಗ ಸುತ್ತಿದಿರಿ.

ನಾನು: ನಾಲ್ಕು ಸುತ್ತು ಸುತ್ತಿದ್ದೆ.

ಸ್ಪ್ರಿಂಗು: ಹತ್ತಾದರೂ ಅಷ್ಟೆ. ಹಗ್ಗ ಹರಿಯಿತು, ಮೇಲಣ ತಟ್ಟೆಯು ತಮ್ಮ ಕಿವಿಯ ಪಕ್ಕದಲ್ಲಿ ಹಾಯ್ದು, ನಲ್ಲಿಯ ಕೆಳಗಿದ್ದ ಈ ಕೊಡಕ್ಕೆ ತಗುಲಿತು. ಗೇಣಿನಷ್ಟು ಇತ್ತ ಬಂದಿದ್ದರೆ ನನ್ನ ಸಂದರ್ಶನಕ್ಕೆ ಬೇರೆ ಯಾರಾದರೂ ಬರಬೇಕಾಗುತ್ತಿತ್ತು. ಕೊಡವು ತಮ್ಮ ತಾಯಿಯವರ ತವರಿನದೆಂದು ಆಮೇಲೆ ಕೇಳಿಬಂತು. ಸಂಜೆಯವರೆಗೂ ಕೇಳಿಬರುತ್ತಲೇ ಇತ್ತು.

ನಾನು: ತಮ್ಮ ಸ್ಥಾನಕ್ಕೆ ಬಂದ ಹೊಸಬರ ವಿಷಯದಲ್ಲಿ ಅಭಿಪ್ರಾಯವೇನು?

ಸ್ಪ್ರಿಂಗು: ಗಿಡ್ಡರು, ಬಿರುಸಿನವರು, ಆದರೂ ಅವರನ್ನು ದೂರಲಾರೆ. ಕಂಬ ಬಿಚ್ಚಿ ಕೂಡಿಸಿದ ಮೇಲೆ ಚಕ್ರಗಳ ವಾಲಿಕೆಯನ್ನೂ ನೇರವನ್ನೂ ಅಲೈನ್‌ಮೆಂಟಿನ ಅಂಗಡಿಯಲ್ಲಿ ಪರೀಕ್ಷಿಸಬೇಕಾಗಿತ್ತು. ತಾವು ಒಂದು ಕಣ್ಣು ಮುಚ್ಚಿ ನೋಡಿ ‘ಸರಿಯಿದೆ’ ಎಂದಿರಿ. ಈಗ ಟೈರುಗಳ ಒಳಅಂಚು ಬೋಳಾಗಿದೆಯಂತೆ. ಕೆಳತೋಳಿನ ರಬ್ಬರು ಬುಷ್ಷಿನ ಬೋಲ್ಟನ್ನು, ಕಾರು ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ಬಳಿಕ ಬಿಗಿಯುವುದು ಸಂಪ್ರದಾಯ. ತಾವು ಚಕ್ರವು ಅಂತರಾಳದಲ್ಲಿ ತೂಗುತ್ತಿದ್ದಾಗಲೇ ಬಿಗಿದಿರಿ. ಆ ಬಡಪಾಯಿ ರಬ್ಬರು ಅಂದಿನಿಂದ ಕತ್ತು ತಿರುಚಿಕೊಂಡೇ ಬದುಕುತ್ತಿದೆ. ಅಂದಹಾಗೆ, ನಮ್ಮ ಬೀದಿಯ ಉಬ್ಬನ್ನು ಹೇಗೆ ದಾಟುತ್ತೀರಿ?

ಪ್ರಶ್ನೆ ಕೇಳಬೇಕಾದವನು ನಾನು; ಆದರೂ ಉತ್ತರಿಸಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯಂತೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು, ಅಂತಹುದನ್ನು ತಗ್ಗಿದ ಕಾರೂ ಹೇಗೋ ಏರಿ ಇಳಿಯಬಹುದು. ನಮ್ಮ ಬೀದಿಯದು ಯಾರದೋ ಗೃಹಪ್ರವೇಶದಲ್ಲಿ ಮಿಕ್ಕ ಕಾಂಕ್ರೀಟಿನಿಂದ ಜನಿಸಿದುದು: ಎತ್ತರವು ಶಾಸ್ತ್ರವನ್ನು ಮೀರಿದೆ, ಅಗಲ ಒಂದು ಮೊಳ. ಅದರ ಬಳಿ ಮನೆಯವರೆಲ್ಲರೂ ಇಳಿದು, ನಡೆದು ಆಚೆಗೆ ಹೋಗಿ, ಕಾರು ಹೊಟ್ಟೆ ಉಜ್ಜಿಕೊಂಡು ಬರುವುದನ್ನು ಕಾದು ಮತ್ತೆ ಹತ್ತುತ್ತಾರೆ.

ನಾನು: ಆದಕಾರಣ, ತಾವು ಮರಳಿ ಪದವಿಯನ್ನು ಸ್ವೀಕರಿಸಬೇಕೆಂದು ನನ್ನ ವಿಜ್ಞಾಪನೆ.

ಸ್ಪ್ರಿಂಗು: ಅಭ್ಯಂತರವಿಲ್ಲ. ದಾಸವಾಳದ ಕುಂಡದ ಕೆಳಗಿರುವ ನನ್ನ ಅವಳಿ ಸೋದರನನ್ನೂ ಬಿಡಿಸಿ ತನ್ನಿ; ಸೋರುವವರಿಬ್ಬರನ್ನೂ ಬದಲಾಯಿಸಿ; ಕಂಪ್ರೆಸರುಳ್ಳ ಗ್ಯಾರೇಜಿಗೇ ಒಯ್ಯಿರಿ. ಆದರೆ ಈ ಕೊಡವನ್ನಿಳಿಸಲು ಯಾರಪ್ಪಣೆಯಾಗಿದೆ?

ನಾನು ಕೊಡದ ಕಂಠಕ್ಕೆ ಕೈಯಿಟ್ಟ ಸದ್ದು ಅಡುಗೆಮನೆಗೆ ಕೇಳಿರಬೇಕು. “ಆ ಸಿಂಬೆ ಮುಟ್ಟಬೇಡ ಕಣೋ,” ಎಂದು ಅಮ್ಮ ಅಲ್ಲಿಂದಲೇ ಕೂಗಿದರು, “ನೆಗ್ಗಿದ ಕೊಡ ಅದರ ಮೇಲೊಂದೇ ನೆಟ್ಟಗೆ ನಿಲ್ಲೋದು.”