ಒಡೆಯ, ಬಂಟ ಮತ್ತು ಎರಡು ಸಾವಿರ ಎತ್ತುಗಳು: ಸ್ವಾಮಿನಿಷ್ಠೆಯ ಮನಶ್ಶಾಸ್ತ್ರಕ್ಕೆ ಡಾಬಕಾದ ಕೊಡುಗೆ

ಸ್ವಾಮಿನಿಷ್ಠೆಯನ್ನು ಕುರಿತು ಈವರೆಗೆ ಬಂದಿರುವ ಶಾಸ್ತ್ರಗ್ರಂಥಗಳಲ್ಲೆಲ್ಲ ಒಂದು ದೊಡ್ಡ ಕೊರತೆಯಿದೆ: ಅವುಗಳಲ್ಲಿ ಎತ್ತುಗಳಿಲ್ಲ. ಒಡೆಯನಿದ್ದಾನೆ, ಅವನ ಬಲಗಡೆ ಕತ್ತಿ ಹಿರಿದು ನಿಂತ ಬಂಟನಿದ್ದಾನೆ, ಸುತ್ತ ಬೇಕಾದಷ್ಟು ಶತ್ರುಗಳಿದ್ದಾರೆ, ಮೇಲೆ ಹೂಮಳೆಗೆ ತಯಾರಾಗಿ ದೇವತೆಗಳೂ ಕಾದಿದ್ದಾರೆ. ದನಗಳ ಸುಳಿವೇ ಇಲ್ಲ. ಈ ಕೊರತೆಯನ್ನು ತುಂಬುವ ಹೊಣೆ ಔರಾದ್ ಸೀಮೆಯ ಡಾಬಕಾಕ್ಕೆ ಬಂದದ್ದು ಸಹಜವೇ ಆಗಿದೆ. ಬೇರೆ ಊರಿನ ಪಂಡಿತರಿಗೆ ಎತ್ತು ಎಂದರೆ ಎತ್ತು, ಅಷ್ಟೆ. ಬೀದರ್, ಭಾಲ್ಕಿ, ಔರಾದ್ ಮತ್ತು ಗಡಿಯಾಚೆಯ ಉದಗೀರದ ನಮಗೆ ಎತ್ತು ಎಂದರೆ ದೇವಣಿ. ಮೈ ಬೆಳ್ಳಗಿದ್ದು ಮುಖ ಕಪ್ಪಾದರೆ ಅದು ವಾನ್ನೇರಾ, ಬಿಳಿ ಮೈತುಂಬ ಕರಿ ಮಚ್ಚೆಗಳಿದ್ದರೆ ಶೇವರಾ ಎಂದು ಸಂತೆಯಲ್ಲಿ ದೂರದಿಂದಲೇ ಗುರುತಿಸುವ ಜನ ನಾವು. ಪಶುವೈದ್ಯ ವಿಶ್ವವಿದ್ಯಾಲಯವನ್ನು ಸರ್ಕಾರ ಬೀದರಿನಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ ಎಂಬುದನ್ನು ಇಲ್ಲಿ ಸೂಚ್ಯವಾಗಿ ಹೇಳಿ ಮುಂದುವರಿಯುತ್ತೇನೆ.

ಮೊದಲು ಪೂರ್ವಪಕ್ಷ. ಕನ್ನಡ ನಾಡಿನಲ್ಲಿ ಬಂಟನ ನಿಷ್ಠೆಯನ್ನು ಅಳೆಯುವುದಕ್ಕೆ ಹಿಂದಿನಿಂದಲೂ ಎರಡು ಮಾಪಕಗಳಿವೆ. ಉಂಡ ಅನ್ನದ ಋಣಕ್ಕಾಗಿ ಸಾಯುವುದು ಜೋಳವಾಳಿ, ಕೊಟ್ಟ ಮಾತಿಗಾಗಿ ಒಡೆಯನ ಜೊತೆ ಸಾಯುವುದು ವೇಳೆವಾಳಿ. ಎರಡರಲ್ಲೂ ಸಾಯುವುದು ಖಚಿತ, ಕಾರಣ ಮಾತ್ರ ಬೇರೆ. ಈ ಪಕ್ಷದ ಪರಮೋಚ್ಚ ಉದಾಹರಣೆ ಹೊಯ್ಸಳ ಎರಡನೇ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ. 1220ರಲ್ಲಿ ದೊರೆ ತೀರಿಕೊಂಡಾಗ ಹೆಂಡತಿಯೊಂದಿಗೆ, ಗರುಡರೆಂಬ ತನ್ನ ಪಡೆಯೊಂದಿಗೆ ಪ್ರಾಣ ಬಿಟ್ಟ. ಹಳೇಬೀಡಿನ ಕಂಬ ಇಂದಿಗೂ ಅದನ್ನು ಹೇಳುತ್ತಿದೆ. ಇಂಥ ತ್ಯಾಗದ ಮುಂದೆ ಅಣಕಕ್ಕೂ ತಲೆ ತಗ್ಗುತ್ತದೆ. ಆದರೆ ಶಾಸ್ತ್ರಕ್ಕೆ ಬಂದರೆ ಒಂದು ತೊಡಕಿದೆ: ನಿಷ್ಠೆ ಸಾಬೀತಾಗುವ ಹೊತ್ತಿಗೆ ಬಂಟ ಉಳಿದಿರುವುದಿಲ್ಲ, ಅವನಿಂದ ಪ್ರಯೋಜನ ಪಡೆಯಬೇಕಾದ ಒಡೆಯ ಅದಕ್ಕೂ ಮೊದಲೇ ಹೋಗಿರುತ್ತಾನೆ.

ಇನ್ನು ಸಿದ್ಧಾಂತ. ನಮ್ಮ ಜಿಲ್ಲೆಯಲ್ಲೇ ನಡೆದ, ಇಬ್ಬರೂ ಬದುಕಿ ಉಳಿದ, ಜೊತೆಗೆ ಎತ್ತುಗಳೂ ಇರುವ ಪ್ರಸಂಗವೊಂದನ್ನು ಮುಂದಿಡುತ್ತೇನೆ.

ವರ್ಷ 1422. ಕಲಬುರಗಿಯಲ್ಲಿ ಬಹಮನಿ ಸುಲ್ತಾನ ಫಿರೋಜ್ ಷಾ ಇಪ್ಪತ್ತೈದು ವರ್ಷ ಆಳಿ, ವಿಜಯನಗರದವರ ಕೈಯಲ್ಲಿ ಏಟು ತಿಂದು, ಹಾಸಿಗೆ ಹಿಡಿದಿದ್ದ. ಮಗ ಹಸನ್ ಖಾನನಿಗೆ ಗದ್ದುಗೆ ಸಿಗಲಿ ಎಂಬ ಆಸೆ ಅವನದು. ತಮ್ಮ ಅಹ್ಮದ್ ಖಾನನಿಗೆ ಸಿಗುತ್ತದೆ ಎಂಬ ಮಾತು ಖ್ವಾಜಾ ಬಂದೇ ನವಾಜರದು. ಸೂಫಿಯ ಬಾಯಿಂದ ಬಂದ ಮಾತು ಊರಿಗೆಲ್ಲ ಹಬ್ಬಿದ ಮೇಲೆ ಅರಮನೆಯಲ್ಲಿ ನಿದ್ದೆ ಉಳಿಯುತ್ತದೆಯೆ? ದರಬಾರಿನಲ್ಲಿ ಮೇಲೇರಿದ್ದ ಇಬ್ಬರು ಗುಲಾಮರು ಸುಲ್ತಾನನ ಕಿವಿಯಲ್ಲಿ ಉಪಾಯ ಊದಿದರು: ತಮ್ಮನ ಕಣ್ಣು ಕೀಳಿಸಿಬಿಡುವುದು. ಆ ಇಬ್ಬರ ಹೆಸರು ಹುಷಿಯಾರ್ ಮತ್ತು ಬೀದಾರ್. ಇದು ನಾನು ಇಟ್ಟ ಹೆಸರಲ್ಲ. 17ನೇ ಶತಮಾನದ ಆರಂಭದಲ್ಲಿ ಬಿಜಾಪುರದಲ್ಲಿ ಕೂತು ದಖ್ಖನಿನ ಚರಿತ್ರೆ ಬರೆದ ಫರಿಷ್ತಾ ಹೇಳುವ ಹೆಸರು.

ಸುದ್ದಿ ತಿಳಿದ ಅಹ್ಮದ್ ನಾನೂರು ಸವಾರರನ್ನು ಕಟ್ಟಿಕೊಂಡು ಊರು ಬಿಡಲು ಹೊರಟ. ಬಾಗಿಲಲ್ಲಿ ಒಬ್ಬ ನಿಂತಿದ್ದ. ಬಸ್ರಾದಿಂದ ಬಂದ ವ್ಯಾಪಾರಿ ಖಲಫ್ ಹಸನ್. ರಾಜನಿಗೆ ಮಾಡುವ ಸಲಾಮನ್ನು ಪರಾರಿಯಾಗುತ್ತಿರುವವನಿಗೆ ಮಾಡಿದ. ನನ್ನ ಜೊತೆ ಬಂದರೆ ನೀನೂ ಕೆಡುತ್ತೀಯ, ಮನೆಗೆ ಹೋಗು ಎಂದು ಅಹ್ಮದ್ ಹೇಳಿದ. ಒಳ್ಳೆಯ ದಿನಗಳಲ್ಲಿ ಪಂಕ್ತಿಯಲ್ಲಿ ಕೂತವನು ಕೆಟ್ಟ ದಿನ ಬಂದಾಗ ಎದ್ದು ಹೋಗುವುದು ಹೇಗೆ ಎಂಬ ಅರ್ಥದ ಮಾತಾಡಿ ಅವನು ಕುದುರೆ ಹತ್ತಿದ.

ಇಲ್ಲಿ ಜೋಳವಾಳಿ ಪಂಡಿತರಿಗೆ ನನ್ನದೊಂದು ಪ್ರಶ್ನೆ. ಬಸ್ರಾದವನು ತಿಂದು ಬೆಳೆದದ್ದು ಖರ್ಜೂರ. ಕಲಬುರಗಿಯ ಬಿಳಿಜೋಳದ ರೊಟ್ಟಿ ಅವನ ಹೊಟ್ಟೆ ಸೇರಿ ಎಷ್ಟು ಕಾಲವಾಗಿತ್ತು? ಹುಟ್ಟಿನಿಂದ ಜೋಳ ತಿಂದ ಎಷ್ಟೋ ಅಮೀರರು ಆ ಹೊತ್ತಿನಲ್ಲಿ ಹೊದಿಕೆ ಎಳೆದುಕೊಂಡು ಮಲಗಿದ್ದರು. ಆದ್ದರಿಂದ ಋಣವೆಂಬುದು ತಿಂದ ಧಾನ್ಯದ ತೂಕಕ್ಕೆ ಸರಿಸಮವಾಗಿ ಏರುವುದಿಲ್ಲ ಎಂಬುದು ನನ್ನ ಮೊದಲ ನಿರ್ಣಯ. ಎರಡನೆಯದು ಇನ್ನೂ ಮುಖ್ಯ. ಆ ಬಾಗಿಲಲ್ಲಿ ಖಲಫ್ ಕತ್ತಿಯನ್ನೇ ಹಿರಿಯಲಿಲ್ಲ. ಅವನು ಮಾಡಿದ್ದೆಲ್ಲ ಸರಿಯಾದ ಹೊತ್ತಿಗೆ ಸರಿಯಾದ ಕಡೆ ನಿಂತದ್ದು. ನಿಲ್ಲುವುದನ್ನು ಯುದ್ಧಕಲೆಯೆಂದು ಯಾವ ಗರಡಿಯಲ್ಲೂ ಕಲಿಸುವುದಿಲ್ಲ.

ಓಡಿದವರು ಕಲ್ಯಾಣದ ಹತ್ತಿರ ಬಂದರು. ಅದೇ ಕಲ್ಯಾಣ, ಚಾಲುಕ್ಯರದು, ಶರಣರದು, ಈಗ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹಿಂದೆ ಹುಷಿಯಾರ್ ಮತ್ತು ಬೀದಾರ್ ಆನೆಗಳ ಸಮೇತ ದೊಡ್ಡ ದಂಡು ಕಟ್ಟಿಕೊಂಡು ಬರುತ್ತಿದ್ದಾರೆ. ಅಹ್ಮದನ ಕಡೆ ಜನ ಅದರ ಸಣ್ಣ ಪಾಲು. ಒಡೆಯನ ಎದೆ ಕುಸಿಯಿತು. ಅಷ್ಟರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಬಂಜಾರರ ಎರಡು ಸಾವಿರ ಎತ್ತುಗಳು, ಲಾಹೋರಿನ ವ್ಯಾಪಾರಿಗಳ ಮುನ್ನೂರು ಕುದುರೆಗಳು ಖಲಫನ ಕಣ್ಣಿಗೆ ಬಿದ್ದವು. ಸೈನಿಕನ ಕಣ್ಣಿಗಾದರೆ ಅದು ದಾರಿಗಡ್ಡ ನಿಂತ ದನಗಳ ಹಿಂಡು. ವ್ಯಾಪಾರಿಯ ಕಣ್ಣಿಗೆ ಅದು ಸರಕು. ಎತ್ತುಗಳ ಮೇಲೆ ಆಳುಗಳನ್ನು ಕೂರಿಸಿ, ಕೈಗೆ ನಿಶಾನಿ ಕೊಟ್ಟು, ಮರಗಳ ಮರೆಯಲ್ಲಿ ದೂರ ನಿಲ್ಲಿಸಿದ. ಹೊಸ ಅಮೀರರ ಪಡೆ ನಮ್ಮ ಕಡೆ ಸೇರಲು ಬರುತ್ತಿದೆ ಎಂದು ಸುದ್ದಿ ಬಿಟ್ಟ. ಕಾಳಗ ಶುರುವಾದಾಗ ಮರಗಳಾಚೆಯಿಂದ ಧೂಳೆದ್ದಿತು, ನಿಶಾನಿಗಳು ಕಂಡವು, ಸುಲ್ತಾನನ ದಂಡು ಬೆನ್ನು ತೋರಿಸಿತು. ಹುಷಿಯಾರ್ ಎಂಬ ಹೆಸರು ಹೊತ್ತವನು ಎತ್ತು ನೋಡಿ ಓಡಿದ್ದು ದಖ್ಖನಿನ ಯುದ್ಧಶಾಸ್ತ್ರದಲ್ಲಿ ಇದೊಂದೇ ಸಲ ಇರಬೇಕು.

ಬರೀ ಗ್ರಂಥದ ಮೇಲೆ ನಿಂತರೆ ವಿಜ್ಞಾನವಾಗದು ಎಂದು ಈ ಘಟನೆಯನ್ನು ಡಾಬಕಾದಲ್ಲಿ ಸಣ್ಣ ಪ್ರಮಾಣದಲ್ಲಿ ಮರುಸೃಷ್ಟಿಸಲಾಯಿತು. ಎರಡು ಸಾವಿರದ ಬದಲು ಒಂದು ಎತ್ತು, ಅಮೀರನ ಬದಲು ನಮ್ಮ ಅಣ್ಣನ ಮಗ, ನಿಶಾನಿಯ ಬದಲು ಬಿದಿರು ಗಳಕ್ಕೆ ಕಟ್ಟಿದ ಹಾಸಿಗೆ ಚಾದರ. ಎತ್ತು ಪಕ್ಕಾ ವಾನ್ನೇರಾ. ಬೆನ್ನ ಮೇಲೆ ಹುಡುಗ ಕೂತೊಡನೆ ಅದು ಚರ್ಮ ಅದುರಿಸಿತು, ಬಾಲದಿಂದ ಒಮ್ಮೆ ಅವನ ಬೆನ್ನಿಗೆ ಹೊಡೆಯಿತು, ಆಮೇಲೆ ಕುತ್ತಿಗೆ ಹೊರಳಿಸಿ ಚಾದರದ ಅಂಚನ್ನು ನಾಲಿಗೆಯಿಂದ ಎಳೆದುಕೊಂಡು ಮೆಲ್ಲತೊಡಗಿತು. ಮೂಗುದಾರ ಎಳೆದರೆ ಮುಂದಿನ ಎರಡು ಕಾಲು ಊರಿ ನಿಂತಿತು.

“ಮುಂದ ಹೋಗಲ್ಲಂತದ ಕಾಕಾ. ಇಳೀಲೇನು?” ಎಂದ ಹುಡುಗ.

“ಅಮೀರರು ಇಳಿಯೋದಿಲ್ಲಪಾ” ಎಂದೆ.

ಎತ್ತಿನ ಯಜಮಾನರು ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. “ಸರ, ಎರಡು ಸಾವಿರ ಎತ್ತು ಅಂತೀರಿ. ಅವಕ್ಕ ಕಣಿಕಿ ಯಾರು ಹಾಕ್ಯಾರ್ರಿ?” ಎಂದು ಕೇಳಿದರು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ವಿಚಾರಸಂಕಿರಣದಲ್ಲೂ ಯಾರೂ ಕೇಳಿಲ್ಲ. ಅಷ್ಟರಲ್ಲಿ ಎತ್ತು ತನ್ನ ಗೋದಲಿಯ ನೆನಪಾಗಿ ಸರಕ್ಕನೆ ತಿರುಗಿ ಮನೆ ಕಡೆ ಓಡಿತು. ಹುಡುಗ ಗಳ ಬಿಡಲಿಲ್ಲ. ಧೂಳಿನಲ್ಲಿ ಚಾದರ ಪಟಪಟ ಹಾರಿತು. ರಸ್ತೆಯಲ್ಲಿ ಹೋಗುತ್ತಿದ್ದ ಟಂಟಂ ನಿಂತಿತು, ಒಳಗಿದ್ದವರು ಕತ್ತು ಹೊರಗೆ ಹಾಕಿ “ಯಾ ಪಾರ್ಟಿದು? ಯಾರು ನಿಂತಾರ?” ಎಂದು ಕೇಳಿದರು. ಪ್ರಯೋಗ ಯಶಸ್ವಿಯಾಯಿತು. ಒಂದೇ ಎತ್ತು, ಒಂದೇ ಚಾದರ, ಆದರೂ ನೋಡಿದವರು ಅದರ ಹಿಂದೆ ಕಾಣದ ಸಾವಿರಾರು ಜನರನ್ನು ತಾವೇ ಊಹಿಸಿಕೊಂಡರು.

ಬಂಟನ ಮನಸ್ಸು ಸಾಕು, ಒಡೆಯನ ಮನಸ್ಸಿಗೆ ಬರೋಣ. ಇದನ್ನು ಪಂಡಿತರು ಮುಟ್ಟಿಯೇ ಇಲ್ಲ. ನಿಷ್ಠೆಯೆಂದರೆ ಕೆಳಗಿನಿಂದ ಮೇಲಕ್ಕೆ ಹರಿಯುವ ವಸ್ತು, ಮೇಲಿನವನು ಪಾತ್ರೆ ಹಿಡಿದು ಕೂತರೆ ಸಾಕು ಎಂಬುದು ಅವರ ಕಲ್ಪನೆ. ಅಹ್ಮದ್ ಗದ್ದುಗೆ ಏರಿದ. ಅಣ್ಣ ಕೆಲವೇ ದಿನಗಳಲ್ಲಿ ತೀರಿಕೊಂಡ. ಖಲಫನಿಗೆ ಒಡೆಯ ಕೊಟ್ಟ ಬಿರುದು ಮಲಿಕ್-ಉತ್-ತುಜ್ಜಾರ್, ವ್ಯಾಪಾರಿಗಳ ದೊರೆ. ರಣಧೀರ, ಖಡ್ಗವೀರ ಯಾವುದೂ ಅಲ್ಲ. ತನ್ನನ್ನು ಗೆಲ್ಲಿಸಿದ್ದು ಏನು ಎಂಬ ಲೆಕ್ಕ ಅಹ್ಮದನಿಗೆ ಸ್ಪಷ್ಟವಾಗಿತ್ತು. ಇನ್ನೊಂದು ಕೆಲಸ ಮಾಡಿದ, ಅದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ: ತನ್ನ ಕಣ್ಣು ಕೀಳಿಸಲು ಹೊರಟಿದ್ದ ಹುಷಿಯಾರ್ ಮತ್ತು ಬೀದಾರರಿಗೂ ಪದವಿ ಕೊಟ್ಟ. ಕೊನೆಯವರೆಗೆ ಅವರು ತಮ್ಮ ಒಡೆಯನನ್ನು ಬಿಡಲಿಲ್ಲ ಎಂಬುದೇ ಕಾರಣ. ಎದುರಾಳಿಯ ಬಂಟನಲ್ಲಿರುವ ನಿಷ್ಠೆಗೂ ಬೆಲೆ ಕಟ್ಟಬಲ್ಲ ಒಡೆಯ ಸಿಗುವುದು ಅಪರೂಪ. ನಮ್ಮ ಪಂಚಾಯಿತಿ ಚುನಾವಣೆ ಮುಗಿದ ಮರುದಿನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎತ್ತುಗಳಿಗೆ ಮಾತ್ರ ಯಾವ ಪದವಿಯೂ ಬರಲಿಲ್ಲ. ಆದರೂ ಅವು ಅಹ್ಮದನ ಕೈ ಬಿಟ್ಟವೆಂದು ತಿಳಿಯಬಾರದು. ಪಟ್ಟವೇರಿದ ಮೇಲೆ ವಿಜಯನಗರದ ಮೇಲೆ ದಂಡೆತ್ತಿ ಹೋದಾಗ, ಬೇಟೆಯ ಹುಮ್ಮಸ್ಸಿನಲ್ಲಿ ಪಡೆಯಿಂದ ದೂರ ಸರಿದು ಶತ್ರುಗಳ ಕೈಗೆ ಸಿಕ್ಕಿಬೀಳುವುದರಲ್ಲಿದ್ದ. ಅಡಗಿಕೊಳ್ಳಲು ದೊರೆತದ್ದು ಮಣ್ಣಿನ ಗೋಡೆಯ ದನದ ದೊಡ್ಡಿ. ಗೋಡೆ ಒಡೆಯುವಷ್ಟರಲ್ಲಿ ಅಬ್ದುಲ್ ಖಾದಿರ್ ಎಂಬ ಸರದಾರ ಪಡೆ ತಂದು ಬಿಡಿಸಿದ. ಹೀಗೆ ಎರಡೆರಡು ಸಲ ಪ್ರಾಣಸಂಕಟದಲ್ಲಿ ದನಗಳ ಸನ್ನಿಧಿಯಲ್ಲೇ ಉಳಿದುಕೊಂಡವನ ಮೇಲೆ ಗೋಸಂಬಂಧಿ ಸಂಶೋಧನೆ ಇಷ್ಟು ತಡವಾಗಿ ಆಗುತ್ತಿರುವುದು ವಿಷಾದದ ಸಂಗತಿ. ಅಂದಿನ ಕಾಳಗದಲ್ಲಿ ಪರದೇಶದ ಬಿಲ್ಲುಗಾರರು ತೋರಿದ ಕೆಚ್ಚು ನೋಡಿ, ಅಂಥವರನ್ನು ಮೂರು ಸಾವಿರ ಮಂದಿ ಕಲೆಹಾಕು ಎಂದು ಸುಲ್ತಾನ ಅಪ್ಪಣೆ ಮಾಡಿದ್ದು ಮತ್ತೆ ಖಲಫನಿಗೇ. ಸರಬರಾಜು ಅವನ ಖಾತೆ.

ಅಣ್ಣನ ಮಗ ಈ ಹಂತದಲ್ಲಿ ಆಕ್ಷೇಪ ಎತ್ತಿದ್ದಾನೆ. 1997ರಿಂದ ಜಪಾನಿನಲ್ಲಿ ಬರುತ್ತಿರುವ ‘ಒನ್ ಪೀಸ್’ ಎಂಬ ಚಿತ್ರಕಥೆಯನ್ನು ಅವನು ಮೊಬೈಲಿನಲ್ಲಿ ನೋಡುತ್ತಾನೆ. ಅದರಲ್ಲಿ ರಬ್ಬರಿನಂತೆ ಹಿಗ್ಗುವ ಲೂಫಿ ನಾಯಕ, ಮೂರು ಕತ್ತಿಗಳ ಝೋರೋ ಅವನ ಬಂಟ. ಎರಡು ಕತ್ತಿ ಕೈಯಲ್ಲಿ, ಒಂದು ಹಲ್ಲಿನಲ್ಲಿ. ಖಲಫನಿಗೆ ಎಷ್ಟು ಕತ್ತಿ ಕಾಕಾ ಎಂದ. ಝೋರೋನ ಪರಾಕ್ರಮ ನಾನು ಅಲ್ಲಗಳೆಯುವುದಿಲ್ಲ, ಆದರೆ ದಾರಿ ತಪ್ಪದೆ ನೇರ ರಸ್ತೆಯಲ್ಲಿ ನಡೆಯುವುದೂ ಅವನಿಗೆ ಬರುವುದಿಲ್ಲ ಎಂದು ಹುಡುಗನೇ ಒಪ್ಪಿಕೊಂಡ. ಅಂಥವನನ್ನು ನಂಬಿ ಅಹ್ಮದ್ ಅಂದು ಕಲಬುರಗಿ ಬಿಟ್ಟಿದ್ದರೆ ಸುತ್ತಿ ಸುತ್ತಿ ಮತ್ತೆ ಕಲಬುರಗಿಯ ಬಾಗಿಲಲ್ಲೇ ಇರುತ್ತಿದ್ದ.

ಗೆದ್ದ ಬಂಟರೆಲ್ಲ ಗೆಲ್ಲುತ್ತಲೇ ಹೋಗುವುದಿಲ್ಲ. ಖಲಫ್ ಮಾಹಿಮ್ ಬಳಿ ಗುಜರಾತಿನವರ ಎದುರು ಸೋತ. ಅಹ್ಮದ್ ರಾಜಧಾನಿಯನ್ನು ಬೀದರಿಗೆ ತಂದು, ಕೋಟೆ ಕಟ್ಟಿಸಿ, 1436ರಲ್ಲಿ ತೀರಿಕೊಂಡ. ಅವನ ಮಗನ ಕಾಲದಲ್ಲಿ, ಮುಪ್ಪಿನಲ್ಲಿ, ಖಲಫ್ ಕೊಂಕಣದ ಕಾಡಿಗೆ ದಂಡೆತ್ತಿ ಹೋದ. ದಾರಿ ತೋರಿಸುತ್ತೇನೆಂದು ನಂಬಿಸಿದ ಶಿರ್ಕೆ ಮನೆತನದ ನಾಯಕ ಅವನನ್ನು ದಟ್ಟ ಅಡವಿಗೆ ಒಯ್ದು, ಹೊಂಚು ಹಾಕಿದವರ ಕೈಗೆ ಒಪ್ಪಿಸಿದ. ಮರಗಳ ಮರೆಯನ್ನು ನೆಚ್ಚಿ ಒಬ್ಬನನ್ನು ದೊರೆ ಮಾಡಿದವನ ಮೇಲೆ ಮರಗಳ ಮರೆಯಿಂದಲೇ ಶತ್ರುಗಳು ಬಂದರು. ಇದಕ್ಕೆ ಯಾವ ಮನಶ್ಶಾಸ್ತ್ರವೂ ಬೇಡ.

ಅವನ ಬಿರುದು ಮುಂದೆ ಇನ್ನೊಬ್ಬ ವ್ಯಾಪಾರಿಗೆ ಹೋಯಿತು. ಗೀಲಾನಿನಿಂದ ಬಂದ ಮಹಮೂದ್ ಗಾವಾನ್. ಬೀದರಿನ ಮದರಸಾ ಕಟ್ಟಿಸಿದವನು, ರಾಜ್ಯವನ್ನು ಎರಡೂ ಕಡಲಿಗೆ ಮುಟ್ಟಿಸಿದವನು. ಅವನ ಮುದ್ರೆಯಿದ್ದ ಖಾಲಿ ಕಾಗದದ ಮೇಲೆ ವೈರಿಗಳು ಸುಳ್ಳು ಪತ್ರ ಬರೆದು ತಂದಾಗ, ಕುಡಿದಿದ್ದ ಮೂರನೇ ಮುಹಮ್ಮದ್ ಷಾ ಓದಿ ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. ಅದೇ ಬಿರುದು, ಅದೇ ಕಸುಬು, ಅದೇ ನಿಷ್ಠೆ. ಬದಲಾದದ್ದು ಗದ್ದುಗೆಯ ಮೇಲೆ ಕೂತವನು. ಬಂಟನನ್ನು ಮಾತ್ರ ಪರೀಕ್ಷೆಗೆ ಕೂರಿಸುವ ಗ್ರಂಥಗಳನ್ನು ಬೀದರಿಗೆ ತಂದು ಈ ಎರಡು ಕಥೆಗಳ ನಡುವೆ ಇಟ್ಟರೆ ಅವುಗಳ ಬೈಂಡಿಂಗ್ ಬಿಚ್ಚಿಕೊಳ್ಳುತ್ತದೆ.

ಅಹ್ಮದ್ ಮಾತ್ರ ಅಷ್ಟೂರಿನ ಗುಮ್ಮಟದಲ್ಲಿ ನೆಮ್ಮದಿಯಾಗಿದ್ದಾನೆ. ಮುಸಲ್ಮಾನರಿಗೆ ಅವನು ವಲಿ, ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ಉರುಸಿಗೆ ಮಾಡ್ಯಾಳದಿಂದ ಜಂಗಮರು ಬರುತ್ತಾರೆ, ತೆಂಗಿನಕಾಯಿಯೂ ಒಡೆಯುತ್ತದೆ, ಫಾತಿಹಾ ಕೂಡ ನಡೆಯುತ್ತದೆ.

ಲಾಹೋರಿನ ಮುನ್ನೂರು ಕುದುರೆಗಳನ್ನು ಈ ಪ್ರಬಂಧ ಕಡೆಗಣಿಸಿದೆ ಎಂದು ಭಾಲ್ಕಿಯ ಮಿತ್ರರೊಬ್ಬರು ದೂರಿದ್ದಾರೆ. ಕುದುರೆಯ ಪ್ರಯೋಗವನ್ನೂ ಮಾಡುವುದಿತ್ತು. ಆದರೆ ನಮ್ಮ ಕಡೆ ಈಗ ಕುದುರೆ ಬರುವುದು ಮದುವೆಯ ಹಂಗಾಮಿಗೆ ಮಾತ್ರ, ಬಂದ ಕುದುರೆಯ ಮೇಲೆ ಆಗಲೇ ಮದುಮಗ ಕೂತಿರುತ್ತಾನೆ. ಒಂದು ಗಳಿಗೆ ಇಳಿದು ಚರಿತ್ರೆಗೆ ಉಪಕಾರ ಮಾಡಪಾ ಎಂದು ಕೇಳಿಕೊಂಡೆ. ಬೀಗರು ಒಪ್ಪಲಿಲ್ಲ.