ಪಾರ್ಶ್ವವಾಹನ ಸಿದ್ಧಾಂತ: ನಿಲ್ಲಿಸಿಟ್ಟ ಬೈಕಿನ ರಕ್ಷಣೆ ಕುರಿತು ಒಂದು ಮೀಮಾಂಸೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಸುವಿಗೊಬ್ಬ ಅಧ್ಯಕ್ಷ, ಕುದುರೆಗೊಬ್ಬ, ಆನೆಗೊಬ್ಬ, ರಥಕ್ಕೊಬ್ಬ, ಹೆಂಡಕ್ಕೂ ಒಬ್ಬನಿದ್ದಾನೆ. ಅಶ್ವಾಧ್ಯಕ್ಷನಾದವನು ಪ್ರತಿ ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ವರ್ಗ, ಬಂದ ಮೂಲ ಇಷ್ಟನ್ನೂ ಬರೆದಿಡತಕ್ಕದ್ದು ಎಂಬ ವಿಧಿಯೂ ಇದೆ. ಇಂದಿನ ಆರ್‌ಸಿ ಕಾರ್ಡಿನಲ್ಲಿ ಇದಕ್ಕಿಂತ ಹೆಚ್ಚಿನದೇನಿಲ್ಲ, ಅಕ್ಷರ ಮಾತ್ರ ಬೇಗ ಅಳಿಸಿಹೋಗುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಆ ಗ್ರಂಥವನ್ನು ಅಚ್ಚು ಹಾಕಿಸಿದಂದಿನಿಂದ ಅದರಲ್ಲಿ ಮ್ಯಾನೇಜ್‌ಮೆಂಟು, ಬೇಹುಗಾರಿಕೆ, ವಿದೇಶಾಂಗ ನೀತಿ ಎಲ್ಲವನ್ನೂ ಕಂಡುಕೊಂಡ ವಿದ್ವಾಂಸರು, ದರ್ಶಿನಿಯ ಮುಂದೆ ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯ ವಿಷಯ ಬಂದಾಗ ಮಾತ್ರ ಬಾಯಿ ಬಿಟ್ಟಿಲ್ಲ. ಆ ಕೊರತೆ ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ನಮ್ಮ ಪ್ರತಿಜ್ಞೆ ಇಷ್ಟು: ಬೀಗ ಬೈಕನ್ನು ಕಾಯುವುದಿಲ್ಲ, ಕಳ್ಳನಿಗೆ ಪಕ್ಕದ ಬೈಕನ್ನು ತೋರಿಸುತ್ತದೆ. ಹಾಗಾಗಿ ಸುರಕ್ಷತೆಯೆಂಬುದು ಬೈಕಿನ ಗುಣವಲ್ಲ, ಅದರ ಮಗ್ಗುಲಲ್ಲಿ ನಿಂತ ಬೈಕಿನ ದೋಷ. ಇದಕ್ಕೆ ಪಾರ್ಶ್ವವಾಹನ ಸಿದ್ಧಾಂತವೆಂದು ಹೆಸರು.

ಮೊದಲು ಪ್ರತ್ಯಕ್ಷ ಪ್ರಮಾಣ. ಹ್ಯಾಂಡಲ್ ಲಾಕನ್ನು ಎಲ್ಲರೂ ಹಾಕುತ್ತಾರೆ, ಅದರ ಒಳಗೇನಿದೆ ಎಂದು ನೋಡಿದವರು ಕಡಿಮೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಕೀ ಒತ್ತಿ ತಿರುಗಿಸಿದಾಗ ಕಿರುಬೆರಳಿಗಿಂತ ಸಣ್ಣದೊಂದು ಕಬ್ಬಿಣದ ಗೂಟ ಮುಂದೆ ಸರಿದು ಕಚ್ಚಿನಲ್ಲಿ ಕೂರುತ್ತದೆ. ಲಕ್ಷ ರೂಪಾಯಿಯ ಗಾಡಿಗೂ ಕಳ್ಳನಿಗೂ ನಡುವಿನ ಕೋಟೆಗೋಡೆ ಅಷ್ಟೇ. ಅದು ಎಷ್ಟು ಹೊತ್ತು ತಡೆಯುತ್ತದೆಂಬುದು ಪೊಲೀಸರಿಗೆ ಗೊತ್ತು, ಮೆಕ್ಯಾನಿಕ್‌ಗೆ ಗೊತ್ತು, ಕಳ್ಳನಿಗಂತೂ ಗೊತ್ತೇ ಇದೆ. ಗೊತ್ತಿಲ್ಲದವನು, ಲಾಕ್ ಹಾಕಿದ ಮೇಲೆ ಹ್ಯಾಂಡಲನ್ನು ಎರಡು ಸಲ ಅಲ್ಲಾಡಿಸಿ, ನಾಲ್ಕು ಹೆಜ್ಜೆ ಹೋಗಿ ಒಮ್ಮೆ ತಿರುಗಿ ನೋಡುವ ಮಾಲೀಕನೊಬ್ಬನೇ. ಇನ್ನು ಡಿಸ್ಕ್ ಲಾಕ್. ಅದು ಕೆಡವಿರುವುದು ಕಳ್ಳರಿಗಿಂತ ಹೆಚ್ಚಾಗಿ, ಹಾಕಿದ್ದನ್ನು ಮರೆತು ಗಾಡಿ ಸ್ಟಾರ್ಟ್ ಮಾಡಿದ ಮಾಲೀಕರನ್ನೇ. ಆದರೂ ಅದರಿಂದ ಲಾಭವಿಲ್ಲವೆನ್ನಲಾಗದು. ಚಕ್ರಕ್ಕೆ ಕಚ್ಚಿಕೊಂಡ ಆ ಹಳದಿ ಬಣ್ಣ ದೂರದಿಂದಲೇ ಕಾಣುತ್ತದೆ. ಕಂಡವನು ಮುಂದಿನ ಗಾಡಿಗೆ ಹೋಗುತ್ತಾನೆ. ಅಂದರೆ ಅಲ್ಲಿ ಕೆಲಸ ಮಾಡಿದ್ದು ಉಕ್ಕಲ್ಲ, ಬಣ್ಣ.

ಸರ್ಕಾರ ಹಿಡಿದ ದಾರಿಯೂ ಗಮನಾರ್ಹ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆಲ್ಲ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಯಿತು. ಹಳೆಯ ಗಾಡಿಗಳಿಗೂ ಅದನ್ನು ಹಾಕಿಸಬೇಕೆಂಬ ಆದೇಶ ಕರ್ನಾಟಕದಲ್ಲಿ 2023ರಲ್ಲಿ ಹೊರಟು, ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು. ಫಲಕದ ಮೇಲೆ ಅಶೋಕಚಕ್ರದ ಹೊಲೊಗ್ರಾಂ ಇದೆ, ಲೇಸರಿನಿಂದ ಕೊರೆದ ಸಂಖ್ಯೆ ಇದೆ, ಒಮ್ಮೆ ಕೂರಿಸಿದರೆ ಮುರಿಯದೆ ಬಿಚ್ಚಲಾಗದ ಸ್ನ್ಯಾಪ್ ಲಾಕ್ ಇದೆ. ಫಲಕವನ್ನು ಬೈಕಿನಿಂದ ಬೇರ್ಪಡಿಸುವುದು ಹೀಗೆ ಕಷ್ಟವಾಯಿತು. ಬೈಕನ್ನು ಮಾಲೀಕನಿಂದ ಬೇರ್ಪಡಿಸುವುದಕ್ಕೆ ಮಾತ್ರ ಎಂದಿನ ಅನುಕೂಲವೇ ಇದೆ. ಇದಕ್ಕೆ ಹೋಲಿಸಿದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೂ ತಯಾರಿಸಿದ ಯೆಜ್ಡಿ ಹೆಚ್ಚು ಬುದ್ಧಿವಂತ ಗಾಡಿ. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಕಬ್ಬಿಣ. ತಿಳಿಯದವನು ಬಲಗಡೆ ಬಗ್ಗಿ ಕಿಕ್ಕರ್ ಹುಡುಕುತ್ತಲೇ ಬೆವರುತ್ತಿದ್ದ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗೇರ್ ಬದಲಿಸಲು ಹೋದ ಅಪರಿಚಿತ ನಡುರಸ್ತೆಯಲ್ಲಿ ನಿಂತುಬಿಡುತ್ತಿದ್ದ. ಇವನ್ನು ಅಂತರಂಗ ರಕ್ಷಣೆ ಎನ್ನಬಹುದು. ಆದರೆ ಇವೂ ನಮ್ಮ ಸಿದ್ಧಾಂತದ ಹೊರಗಿಲ್ಲ: ಯೆಜ್ಡಿಯೊಂದಿಗೆ ಹೆಣಗಿ ಸೋತವನು ಮನೆಗೆ ಹೋಗಿ ಜಪಕ್ಕೆ ಕೂರುವುದಿಲ್ಲ, ಆಚೆ ನಿಂತ ಹೀರೊ ಹೊಂಡಾ ಹತ್ತುತ್ತಾನೆ.

ಇನ್ನು ಶಬ್ದ ಪ್ರಮಾಣ. ಸಗರ ಚಕ್ರವರ್ತಿಯ ಯಜ್ಞದ ಕುದುರೆಯನ್ನು ಇಂದ್ರ ಕದ್ದು ಕಪಿಲ ಮಹರ್ಷಿಯ ಬಳಿ ಬಿಟ್ಟುಬಂದ ಪ್ರಕರಣ ಎಲ್ಲರಿಗೂ ಗೊತ್ತಿದೆ. ಅಶ್ವಮೇಧದ ಕುದುರೆ ಒಂಟಿ, ಪಕ್ಕದಲ್ಲಿ ಇನ್ನೊಂದು ಕುದುರೆ ಇರಲಿಲ್ಲ, ಕಳವು ಅನಿವಾರ್ಯವಾಗಿತ್ತು. ಹುಡುಕಲು 60 ಸಾವಿರ ಮಕ್ಕಳು ಹೊರಟರು, ಭೂಮಿಯನ್ನೇ ಅಗೆದರು. ಕುದುರೆ ಎದುರಿಗೇ ಮೇಯುತ್ತಿದ್ದುದರಿಂದ ಧ್ಯಾನಕ್ಕೆ ಕುಳಿತ ಮುನಿಯನ್ನೇ ಕಳ್ಳನೆಂದು ಕೂಗಾಡಿ ಬೂದಿಯಾದರು. ಕೊನೆಗೆ ಕುದುರೆ ಸಿಕ್ಕಿತು, ಹುಡುಕಲು ಹೋದವರು ಸಿಗಲಿಲ್ಲ. ಕಡತ ಮುಗಿಯಲು ಭಗೀರಥನ ಕಾಲ ಬರಬೇಕಾಯಿತು, ಅದಕ್ಕೊಂದು ನದಿಯೇ ಬೇಕಾಯಿತು. ಶೂದ್ರಕನ ಮೃಚ್ಛಕಟಿಕದ ಶರ್ವಿಲಕ ಇನ್ನೂ ಉಪಯುಕ್ತ ಸಾಕ್ಷಿ. ಅಳತೆಯ ದಾರ ಮರೆತು ಬಂದು ಜನಿವಾರದಿಂದಲೇ ಗೋಡೆ ಅಳೆದ ಈ ಶಾಸ್ತ್ರಜ್ಞ, ಕನ್ನದ ಆಕಾರಗಳ ಬಗ್ಗೆ ಚರ್ಚಿಸಿ, ಪೂರ್ಣಕುಂಭದ ಆಕಾರವೇ ಸರಿಯೆಂದು ತೀರ್ಮಾನಿಸಿ ಚಾರುದತ್ತನ ಮನೆಯೊಳಗೆ ನುಗ್ಗುತ್ತಾನೆ. ನೋಡಿದರೆ ಅಲ್ಲಿರುವುದು ಮೃದಂಗ, ವೀಣೆ, ಕೊಳಲು. ಅಷ್ಟರಲ್ಲಿ ಮೈತ್ರೇಯ ನಿದ್ದೆಗಣ್ಣಲ್ಲಿ ಆಭರಣದ ಗಂಟನ್ನು ಎತ್ತಿ ಅವನ ಕೈಗೇ ಕೊಡುತ್ತಾನೆ. ಕನ್ನದ ಕುಶಲತೆಯನ್ನು ಹೊಗಳಿದ ವಿಮರ್ಶಕರು ಈ ಕೊನೆಯ ಅಂಶಕ್ಕೆ ಸಲ್ಲಬೇಕಾದ ತೂಕ ಕೊಟ್ಟಿಲ್ಲ. ಮುಂದೆ ನಮಗೆ ಮೈತ್ರೇಯ ಬೇಕಾಗುತ್ತಾನೆ.

ಕಳವಾದ ಮೇಲೆ ಉಳಿಯುವ ಖಾಲಿ ಜಾಗದ ಸ್ವರೂಪವೇನು? ನೆಲದ ಮೇಲೆ ಮಡಕೆ ಇಲ್ಲ ಎಂಬುದನ್ನೇ ಹಿಡಿದು ಶತಮಾನಗಟ್ಟಲೆ ವಾದಿಸಿದ ನೈಯಾಯಿಕರು ಇಲ್ಲಿ ನೆರವಿಗೆ ಬರುತ್ತಾರೆ. ಅವರು ಹೇಳುವ ಅಭಾವ ನಾಲ್ಕು ಬಗೆ. ಗಾಡಿ ಬರುವ ಮೊದಲೇ ಕಂತು ಶುರುವಾಗುವುದು ಪ್ರಾಗಭಾವ. ಗುಜರಿಯಲ್ಲಿ ಎಂಜಿನ್, ಟ್ಯಾಂಕ್, ಚಕ್ರ ಬೇರೆಬೇರೆಯಾಗುವುದು ಪ್ರಧ್ವಂಸಾಭಾವ. ಜಪ್ತಿಯಾದ ಗಾಡಿಗಳ ಸಾಲಿನ ಮುಂದೆ ನಿಂತ ಮಾಲೀಕ ‘ಇದು ನಂದಲ್ಲ, ಅದೂ ನಂದಲ್ಲ’ ಎನ್ನುವುದು ಅನ್ಯೋನ್ಯಾಭಾವ. ಪೊಲೀಸರು ಪತ್ತೆಯಾಗಿಲ್ಲವೆಂದು ಕೋರ್ಟಿಗೆ ಸಲ್ಲಿಸುವ ‘ಸಿ’ ರಿಪೋರ್ಟ್ ಅತ್ಯಂತಾಭಾವ. ಕಾನೂನಿನ ಮಾತು ಚುಟುಕಾಗಿ ಸಾಕು: 2024ರ ಜುಲೈ 1ರವರೆಗೆ 379 ಎನ್ನುತ್ತಿದ್ದುದು ಈಗ ಭಾರತೀಯ ನ್ಯಾಯ ಸಂಹಿತೆಯ 303. ಸೆಕ್ಷನ್ ಬದಲಾಯಿತು, ಮೂರು ವರ್ಷದವರೆಗಿನ ಶಿಕ್ಷೆ ಹಾಗೇ ಉಳಿಯಿತು. ವಿಮೆಯದು ಮಾತ್ರ ಸೂಕ್ಷ್ಮ ಶಾಸ್ತ್ರ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದವನಿಗೆ ಕಳವಿನ ಬಾಬ್ತು ಬಿಡಿಗಾಸೂ ಇಲ್ಲ. ಪೂರ್ತಿ ವಿಮೆ ಇದ್ದವನ ಗಾಡಿಯ ಬೆಲೆ ಮೊದಲ ಆರು ತಿಂಗಳಲ್ಲೇ ಶೇ. 5 ಇಳಿದು, ನಾಲ್ಕು ವರ್ಷ ದಾಟುವಷ್ಟರಲ್ಲಿ ಅರ್ಧಕ್ಕೆ ಬಂದಿರುತ್ತದೆ. ಈ ಸವಕಳಿ ಪಟ್ಟಿಯನ್ನು ಯಾರೂ ಕಳ್ಳನಿಗೆ ತೋರಿಸಿದಂತಿಲ್ಲ.

ಈಗ ಪೂರ್ವಪಕ್ಷ. ಪಕ್ಕದವನ ಗಾಡಿ ಹೋಗಲಿ ಎಂದು ಬಯಸುವುದು ಅಧರ್ಮವಲ್ಲವೇ ಎಂದು ಸಜ್ಜನರು ಕೇಳುತ್ತಾರೆ. ನಾವು ಏನನ್ನೂ ಬಯಸುವುದಿಲ್ಲ, ಕೇವಲ ನಿಲ್ಲಿಸುತ್ತೇವೆ. ಅಲ್ಲದೆ ಪಕ್ಕದವನು ತನ್ನ ಗಾಡಿಯನ್ನು ನಮ್ಮ ಮಗ್ಗುಲಿಗೆ ತಂದಿದ್ದೂ ಇದೇ ಲೆಕ್ಕಾಚಾರದಿಂದ. ಜಾಗವಿದ್ದರೂ ಬೆಂಗಳೂರಿನ ಜನ ಪಾರ್ಕಿಂಗ್‌ಗಾಗಿ ಸುತ್ತು ಹೊಡೆಯುವುದೇಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ: ಪ್ರತಿಯೊಬ್ಬನೂ ತನ್ನದಕ್ಕಿಂತ ಕಡಿಮೆ ಬೀಗದ ಗಾಡಿಯನ್ನು ಹುಡುಕುತ್ತಿದ್ದಾನೆ. ಜಿಪಿಎಸ್ ಟ್ರ್ಯಾಕರ್ ಹಾಕಿಸಿದರೆ ಸಾಲದೇ ಎಂಬುದು ಎರಡನೆಯ ಆಕ್ಷೇಪ. ಟ್ರ್ಯಾಕರ್ ಗಾಡಿ ಇರುವ ಜಾಗ ಹೇಳುತ್ತದೆ. ಸಗರನ ಮಕ್ಕಳಿಗೂ ಜಾಗ ಸಿಕ್ಕಿತ್ತು. ಮೂರನೆಯದು ನಿಜಕ್ಕೂ ಗಟ್ಟಿಯಾದ ಆಕ್ಷೇಪ. ಎಲ್ಲರೂ ಸಮಾನವಾಗಿ ಬೀಗ ಹಾಕಿದರೆ ಕಳ್ಳ ಮುಂದಿನ ಬೀದಿಗೆ ಹೋಗುತ್ತಾನೆ, ಅಲ್ಲಿಯೂ ಹಾಕಿದರೆ ಮುಂದಿನ ಬಡಾವಣೆಗೆ, ಹಾಗೇ ಹೊಸೂರಿನಾಚೆಗೆ. ಪಕ್ಕಕ್ಕೆ ಪಕ್ಕ, ಅದಕ್ಕೊಂದು ಪಕ್ಕ ಎಂದು ಕೊನೆಯೇ ಇಲ್ಲದೆ ಅನವಸ್ಥಾ ದೋಷ ಬರುವುದಿಲ್ಲವೇ? ಬರುವುದಿಲ್ಲ. ಯಾಕೆಂದರೆ ಈ ಸರಪಳಿ ಒಬ್ಬ ಮನುಷ್ಯನಲ್ಲಿ ಬಂದು ನಿಲ್ಲುತ್ತದೆ. ಅವನು ಕಾಂಡಿಮೆಂಟ್ಸ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ‘ಎರಡೇ ನಿಮಿಷ’ ಎಂದು ಕೀ ಅಲ್ಲೇ ಬಿಟ್ಟು ಒಳಗೆ ಹೋಗುವವನು. ಎಂಜಿನ್ ಕೂಡ ಆರಿಸಿರುವುದಿಲ್ಲ ಕೆಲವೊಮ್ಮೆ. ಮೈತ್ರೇಯನಾದರೂ ನಿದ್ದೆಯಲ್ಲಿದ್ದ, ಇವನು ಎಚ್ಚರವಾಗಿದ್ದುಕೊಂಡೇ ಗಂಟು ಕೈಗಿಡುತ್ತಾನೆ. ನಾಡಿನ ಉಳಿದೆಲ್ಲ ಬೈಕುಗಳೂ ರಾತ್ರಿ ನೆಮ್ಮದಿಯಾಗಿ ನಿಂತಿರುವುದು ಇವನೊಬ್ಬನ ದಯೆಯಿಂದ.

ಇಂಥವನನ್ನು ಠಾಣೆಯಲ್ಲಿ ಗದರಿಸಿ ಕಳಿಸುವುದು ಕೃತಘ್ನತೆ. ಕಳವಾದ ದನಗಳನ್ನು ಬಿಡಿಸಿ ತರಲು ಹೋಗಿ ತುರುಗಾಳಗದಲ್ಲಿ ಮಡಿದವರಿಗೆ ನೆಟ್ಟ ವೀರಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ಇವೆ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಊರಿನ ಸೊತ್ತಿಗಾಗಿ ತನ್ನದನ್ನು ಬಿಟ್ಟುಕೊಟ್ಟವನಿಗೂ ಪ್ರತಿ ಪಾರ್ಕಿಂಗ್ ಜಾಗದಲ್ಲಿ, ‘ವಾಹನಗಳಿಗೆ ಮಾಲೀಕರೇ ಜವಾಬ್ದಾರರು’ ಎಂಬ ಬೋರ್ಡಿನ ಪಕ್ಕದಲ್ಲೇ, ಅಂಥದೊಂದು ಕಲ್ಲು ನೆಡಬೇಕೆಂದು ಸೂಚಿಸುತ್ತೇವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಚಿಲ್ಲರೆಗಾಗಿ ಕೈಚಾಚಿ ಅಂಗಡಿಯ ಗಲ್ಲಾಪೆಟ್ಟಿಗೆಯ ಕಡೆ ಮುಖ ಮಾಡಿರಬೇಕು, ಬೆನ್ನ ಹಿಂದೆ ಖಾಲಿ ಜಾಗವೂ ಒಂದು ಹನಿ ಆಯಿಲ್ಲೂ ಕಾಣಬೇಕು. ನಡುವಿನದರಲ್ಲಿ ಎಫ್‌ಐಆರ್ ಪ್ರತಿ ಹಿಡಿದ ವೀರನ ಎಡಬಲಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಮೇಲಿನದರಲ್ಲಿ ಸೂರ್ಯಚಂದ್ರರ ಕೆಳಗೆ ವಿಮಾ ಕಚೇರಿಯ ಮೇಜು, ಅದರ ಹಿಂದೆ ಕುಳಿತ ಅಧಿಕಾರಿ. ಅವನು ಅಂಗೈ ಮುಂದೆ ಚಾಚಿ ಕಂಪನಿ ಕೊಟ್ಟಿದ್ದ ಎರಡೂ ಒರಿಜಿನಲ್ ಕೀಗಳನ್ನು ಕೇಳುತ್ತಿರಬೇಕು.